ನ್ಯಾಟ್ ವಿಮಾನದ ಹೊಟ್ಟೆ

ಕೊಟ್ಟೂರಿನಲ್ಲಿ ಚೆಲುವರಾದ ಗಂಡಸರಿಲ್ಲ. ಕನ್ನಡಿಗಳು ಮಾತ್ರ ಬಹಳ ಇವೆ. ಉಜ್ಜಿನಿ ರಸ್ತೆಯ ಗವಿಸಿದ್ದೇಶನ ಅಂಗಡಿಯಲ್ಲೇ ಎರಡಿದ್ದವು. ಒಂದು ಗಿರಾಕಿಗಳಿಗೆ, ಇನ್ನೊಂದು ಅವನಿಗೆ. ಅಪ್ಪನ ಶೇಂಗಾ ಎಣ್ಣೆ ಮಿಲ್ಲನ್ನು ತಮ್ಮನಿಗೆ ಬಿಟ್ಟು ರೇಡಿಯಂ ಸ್ಟಿಕ್ಕರಿನ ಅಂಗಡಿ ಹಾಕಿದ್ದನ್ನು ಸಿಂಹಾಸನ ಬಿಟ್ಟವನ ಹಾಗೆ ಹೇಳಿಕೊಳ್ಳುತ್ತಿದ್ದ.

ಹೊಸ ಸ್ಕೂಟಿಯ ಮೇಲೆ ನೀಲಿ ಅಕ್ಷರದಲ್ಲಿ ನನ್ನ ಹೆಸರು ಹಾಕಿಸಲು ಹೋಗಿದ್ದೆ. ಕ್ರಾಂತಿ ಅಂತ. ಅಪ್ಪ ಇಟ್ಟ ಹೆಸರು. ಅದನ್ನು ಹೊತ್ತುಕೊಂಡು ತಾಲೂಕು ಪಂಚಾಯಿತಿ ಆಫೀಸಿನಲ್ಲಿ ಫೈಲುಗಳಿಗೆ ನಂಬರ್ ಹಾಕುತ್ತೇನೆ. ಹೆಸರಿಗೂ ಕೆಲಸಕ್ಕೂ ಇರುವ ದೂರ ನೋಡಿ ಮೊದಲು ನಗುವವಳು ನಾನೇ. ಬೇರೆಯವರಿಗೆ ಆ ಅವಕಾಶ ಕೊಡುವುದಿಲ್ಲ.

ಅವನು ಕೀ ಕೊಟ್ಟಾಗ ನೋಡಿದರೆ, ಗಾಡಿಯ ಮೂತಿಯ ಮೇಲೆ ಹೆಸರಿನ ಜೊತೆ ಮೂರು ಬಿಳಿ ವಿಭೂತಿ ಪಟ್ಟಿಗಳೂ ಹೊಳೆಯುತ್ತಿದ್ದವು.

"ಇದೇನ್ರಿ?"

"ಫ್ರೀ ರಿ ಅದು. ನಮ್ಮ ಅಂಗಡಿಯಿಂದ ಯಾವ ಗಾಡೀನೂ ಬರಿ ಹಣಿಲೆ ಕಳ್ಸಂಗಿಲ್ಲ."

"ನನ್ನ ಗಾಡಿ ಹಣಿ ಬರೀದ ಇರ್ಲಿ. ತಗೀರಿ."

ಅವನು ನನ್ನ ಮುಖ ನೋಡಿದ, ಹೆಸರು ನೋಡಿದ, ಅಕ್ಷರದ ನೀಲಿ ಬಣ್ಣ ನೋಡಿದ. ಮೂರನ್ನೂ ಕೂಡಿಸಿ ಅವನ ತಲೆ ನನ್ನ ಕೇರಿಯವರೆಗೆ ಹೋಗಿ ಬರುವುದು ನನಗೆ ಕಂಡಿತು. ಈ ಊರಿನ ಎಲ್ಲ ತಲೆಗಳೂ ಹೋಗಿ ಬರುತ್ತವೆ. ಅವನದು ತುಸು ನಿಧಾನವಾಗಿ ಹೋಯಿತು. ಆ ನಿಧಾನವೇ ನನಗೆ ಹಿಡಿಸಿತೇನೋ ಎಂದು ಈಗ ಅನ್ನಿಸುತ್ತದೆ. ಆಗ ಸಿಟ್ಟು ಮಾತ್ರ ಬಂದಿತ್ತು.

ಅವನು ಕೂದಲು ಒಣಗಿಸುವ ಮಿಷನ್ ಹಿಡಿದು ಪಟ್ಟಿಗಳನ್ನು ಕಾಯಿಸಿ ಕೀಳತೊಡಗಿದ. ನಾನು ಗಾಜಿನ ಕಪಾಟಿನತ್ತ ತಿರುಗಿದೆ. ಒಳಗೆ ಗೇಣಿಗಿಂತ ಚಿಕ್ಕದೊಂದು ಯುದ್ಧವಿಮಾನ, ಸ್ಟ್ಯಾಂಡಿನ ಮೇಲೆ, ಮೂಗೆತ್ತಿಕೊಂಡು ನಿಂತಿತ್ತು.

"ನ್ಯಾಟ್ ರಿ ಅದು. ಎಪ್ಪತ್ತೊಂದರ ಯುದ್ಧದ್ದು. ಖರೇ ವಿಮಾನದ ನಲವತ್ತೆಂಟರಾಗ ಒಂದು ಪಾಲು. ಕಿಟ್ ತರಿಸಿ ಐದು ತಿಂಗಳು ಕುಂತು ಮಾಡೀನಿ."

"ಆಟಿಗಿ ಸಾಮಾನಿಗೆ ಐದು ತಿಂಗಳು?"

"ಆಟಿಗಿ ಸಾಮಾನಲ್ರಿ, ಸ್ಕೇಲ್ ಮಾಡೆಲ್."

"ನಮ್ಮಪ್ಪ ಖರೇ ನ್ಯಾಟ್ ಮ್ಯಾಲ ಕೆಲಸ ಮಾಡ್ಯಾನ."

ಮಿಷನ್ ನಿಂತಿತು. ಅವನ ಕಣ್ಣು ದೊಡ್ಡವಾದವು. "ಪೈಲಟ್ ಇದ್ರೇನ್ರಿ?"

"ಫಿಟ್ಟರ್."

"ಓ," ಅಂದ.

ಆ 'ಓ'ವನ್ನು ನಾನು ಮರೆಯುವುದಿಲ್ಲ. ಗಾಳಿ ಹೋದ ಟ್ಯೂಬಿನ ಸದ್ದು. ಕೇಳದೆಯೇ ಕಪಾಟು ತೆಗೆದೆ, ವಿಮಾನವನ್ನು ಕೈಗೆತ್ತಿಕೊಂಡು ಬೋರಲು ಹಾಕಿದೆ. ಬೆನ್ನ ಮೇಲೆ ಕೂದಲೆಳೆಯಂಥ ಗೆರೆಗಳು, ಅಕ್ಕಿಕಾಳಿಗಿಂತ ಸಣ್ಣ ಅಕ್ಷರಗಳು. ಹೊಟ್ಟೆಯ ಕಡೆ ಬೋಳು. ಎರಡು ಹೋಳು ಕೂಡಿದ ಸಂದು ಹಾಗೇ ಬಾಯಿ ಬಿಟ್ಟಿತ್ತು. ಅಂಟಿನಲ್ಲಿ ಅವನ ಹೆಬ್ಬೆಟ್ಟಿನ ಗುರುತು ಒಣಗಿತ್ತು.

"ಹೊಟ್ಟಿ ಕಡೆ ಯಾರು ನೋಡ್ತಾರ ಬಿಡ್ರಿ," ಅಂದ. "ಸ್ಟ್ಯಾಂಡ್ ಮ್ಯಾಲ ಕುಂದ್ರತತಿ."

"ನಮ್ಮಪ್ಪ ಒಂಬತ್ತು ವರ್ಷ ಬರೀ ಹೊಟ್ಟಿ ನೋಡ್ಯಾನ."

ಹಾಗಂದು ಹೊರಟುಬಂದೆ. ಗಾಡಿಯ ಹಣೆಯ ಮೇಲೆ ಅಂಟಿನ ಮೂರು ಗೆರೆ ಉಳಿದೇ ಇದ್ದವು. ಮನೆಯಲ್ಲಿ ಸೀಮೆಎಣ್ಣೆ ಹಚ್ಚಿ ತಿಕ್ಕಿದೆ.

ಮುಂದಿನ ವಾರ ಅವನು ಆಫೀಸಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು.

"ಮೇಡಮ್, ಹೊಟ್ಟ್ಯಾಗ ಏನೇನಿರ್ತತಿ ಹೇಳ್ರಿ. ಬರ್ಕೊಳ್ತೀನಿ."

"ಅರ್ಜಿ ಆದ್ರ ಇಲ್ಲಿ ಕೊಡ್ರಿ. ಕಥಿ ಆದ್ರ ಹೊರಗ ನಡೀರಿ."

ಅವನು ಹೊರಗೆ ನಡೆದ. ಐದೂವರೆಗೆ ನಾನು ಗೇಟು ದಾಟುವಾಗ ಬೇವಿನ ಮರದ ಕೆಳಗೆ ಅದೇ ನೋಟ್‌ಬುಕ್ಕು ಹಿಡಿದು ಕೂತಿದ್ದ. ಅಷ್ಟು ಹೊತ್ತು ಕಾದವನನ್ನು ಹಾಗೇ ಬಿಟ್ಟು ಹೋಗಬಹುದಿತ್ತು. ಹಲವರನ್ನು ಬಿಟ್ಟು ಹೋಗಿದ್ದೇನೆ. ಅವನು ಮೊದಲ ಪುಟದಲ್ಲಿ ಬರೆದಿದ್ದ ತಲೆಬರಹ ಕಣ್ಣಿಗೆ ಬಿತ್ತು: 'ನನಗೆ ಗೊತ್ತಿಲ್ಲದ್ದು.' ಕೆಳಗೆ ಪುಟವೆಲ್ಲ ಖಾಲಿ. ಈ ಊರಿನ ಗಂಡಸೊಬ್ಬ ಅಂಥ ತಲೆಬರಹ ಬರೆದದ್ದನ್ನು ನಾನು ಕಂಡಿರಲಿಲ್ಲ.

ಹೀಗೆ ಶುರುವಾಯಿತು. ಆಫೀಸು ಬಿಟ್ಟ ಮೇಲೆ ಒಂದು ತಾಸು ಅವನ ಅಂಗಡಿಯಲ್ಲಿ. ಶಟರ್ ಪೂರ್ತಿ ಮೇಲೆ, ದೀಪ ಉರಿಯುತ್ತ, ರಸ್ತೆಯೆಲ್ಲ ನೋಡುವ ಹಾಗೆ. ಅದು ನನ್ನ ಷರತ್ತು.

ನನ್ನ ಅಪ್ಪ ಗಾದಿಲಿಂಗಪ್ಪ ವಾಯುಪಡೆಯಲ್ಲಿದ್ದು ಬಂದವನು, ಮಾತು ಕಡಿಮೆಯ ಮನುಷ್ಯ. ಆದರೆ ಚಿಕ್ಕಂದಿನಲ್ಲಿ ನಾನು ಜ್ವರದಲ್ಲಿ ಮಲಗಿದ್ದಾಗ ನನಗೆ ಕಥೆಯ ಬದಲು ವಿಮಾನದ ಹೊಟ್ಟೆ ಹೇಳುತ್ತಿದ್ದ. ಯಾವ ಕೊಳವೆ ಎಲ್ಲಿಂದ ಎಲ್ಲಿಗೆ, ಗಾಲಿ ಹೇಗೆ ಮಡಚಿ ಒಳಗೆ ಹೋಗುತ್ತದೆ, ಆ ಗಾಲಿಯ ಬಾಗಿಲುಗಳನ್ನೇ ಆಕಾಶದಲ್ಲಿ ತುಸು ತೆರೆದು ಬ್ರೇಕಿನಂತೆ ಬಳಸುವುದು ಹೇಗೆ. ನ್ಯಾಟ್ ಅಷ್ಟು ಕುಳ್ಳು ವಿಮಾನ, ಕೆಳಗೆ ತೂರಿದರೆ ಮಲಗಿಯೇ ಕೆಲಸ ಮಾಡಬೇಕು. ಯುದ್ಧ ಎಂದರೆ ಅಪ್ಪನಿಗೆ ಮೂಗಿನ ಮೇಲೆ ಬೀಳುವ ಎಣ್ಣೆ.

ಗವಿಸಿದ್ದೇಶ್ ಹೊಟ್ಟೆಯನ್ನು ಮತ್ತೆ ಕೊಯ್ದು ತೆರೆದ. ತಲೆಗೆ ಪಟ್ಟಿ ಕಟ್ಟಿ ಕಣ್ಣಮುಂದೆ ಭೂತಗನ್ನಡಿ ಇಳಿಸಿಕೊಂಡರೆ ಅವನು ಗೂಬೆಯ ಮರಿ. ಆ ಗೂಬೆ ಕಣ್ಣುಗಳನ್ನು ಮಾತುಮಾತಿಗೆ ನನ್ನತ್ತ ಎತ್ತುತ್ತಿದ್ದ.

"ಕೆಲಸ ಅಲ್ಲೈತಿ, ನನ್ನ ಮಾರಿ ಮ್ಯಾಲಲ್ಲ."

"ಎರಡೂ ದೊಡ್ಡವಾಗಿ ಕಾಣ್ತಾವ್ರಿ ಇದರಾಗ."

"ಹಂಗಾದ್ರ ನನ್ನ ಮೊಡವಿನೂ ಎಣಿಸ್ರಿ."

"ಎಣಿಸೀನಿ. ಒಂದ ಐತಿ. ಎಡಗಡೆ, ಗಲ್ಲದ ಕೆಳಗ."

ಅಗ್ಗದ ಮಾತು. ಆದರೂ ಮನೆಗೆ ಹೋಗಿ ಕನ್ನಡಿಯಲ್ಲಿ ಎಡಗಡೆ ನೋಡಿಕೊಂಡೆ. ಹಾಗೆ ನೋಡಿಕೊಂಡ ಹುಡುಗಿಯ ಮೇಲೆ ನನಗೆ ಬಹಳ ತಾತ್ಸಾರ ಹುಟ್ಟಿತು.

ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಎರಡು ಕೈಯಿಂದ ಮೆಲ್ಲಗೆ ಎಳೆದರೆ ಕೂದಲಿನಷ್ಟು ತೆಳ್ಳಗಿನ ಎಳೆಯಾಗುತ್ತದೆ. ಅದೇ ಹೊಟ್ಟೆಯೊಳಗಿನ ಕೊಳವೆ. ಎಳೆಯುವಾಗ ಉಸಿರು ತಾಗಿದರೂ ಸೊಟ್ಟಗಾಗುತ್ತದೆ.

"ಉಸಿರು ಬಿಡಬ್ಯಾಡ್ರಿ," ಅನ್ನುತ್ತಿದ್ದ.

"ನಿಮ್ಮ ವಿಮಾನಕ್ಕ ನಾನು ಸಾಯ್ಲೇನು?"

ಆದರೂ ಬಿಡುತ್ತಿರಲಿಲ್ಲ. ಇಬ್ಬರೂ ಉಸಿರು ಹಿಡಿದು, ನಡುವೆ ಆ ಎಳೆ ಉದ್ದವಾಗುವುದನ್ನು ನೋಡುತ್ತ ನಿಲ್ಲುತ್ತಿದ್ದೆವು. ಜಗತ್ತಿನ ಎಲ್ಲ ಪ್ರೇಮಿಗಳಂತೆ ನಾವೂ ಹಾಸ್ಯಾಸ್ಪದವಾಗಿ ಕಂಡಿರಬೇಕು.

ಒಂದು ಸಂಜೆ ಅವನು ಎಣ್ಣೆಯ ಕಲೆ ಬಿಡಿಸಿದ್ದ. ಕೆಂಪು-ಕಂದು ಬಣ್ಣ ಚೆನ್ನಾಗಿ ಬೆರೆಸಿದ್ದ. ಆದರೆ ಕಲೆಗಳೆಲ್ಲ ಗಾಲಿಯ ಬಾಗಿಲಿನ ಸಂದಿನಿಂದ ನೇರ ಕೆಳಗೆ ಇಳಿದಿದ್ದವು. ನಾನು ನಕ್ಕುಬಿಟ್ಟೆ.

"ಯಾಕ್ರಿ? ಎಣ್ಣಿ ಕೆಳಕ್ಕ ಅಲ್ಲೇನು ಹರಿಯೋದು?"

"ನಿಮ್ಮಪ್ಪಾರ ಮಿಲ್ಲಿನಾಗ ಕೆಳಕ್ಕ ಹರೀತತಿ. ಇದು ಹಾರೋದು. ಗಾಳಿ ಎಳೀತತಿ, ಬಾಲದ ಕಡಿ."

ಅವನು ಭೂತಗನ್ನಡಿಯನ್ನು ಹಣೆಗೇರಿಸಿ, "ಇಷ್ಟು ವರ್ಷ ಎಣ್ಣ್ಯಾಗ ಹುಟ್ಟಿ ಬೆಳದು ಇದೊಂದು ತಿಳೀಲಿಲ್ಲ ನೋಡ್ರಿ," ಅಂದ. ಅಳಿಸಿದ. ಮತ್ತೆ ಬಿಡಿಸಿದ. ಹತ್ತಿಯ ಕಡ್ಡಿಯಿಂದ ಒಂದೊಂದೇ ಕಲೆಯನ್ನು ಹಿಂದಕ್ಕೆ ಎಳೆಯುವಾಗ ಅವನ ತುಟಿ ಮಗುವಿನ ತುಟಿಯಂತೆ ಮುಂದೆ ಬಂದಿತ್ತು. ಅದನ್ನು ನೋಡಬಾರದಿತ್ತು.

ಅವನ ತಾಯಿ ಬಂದದ್ದು ಮರುದಿನ. ಪಂಪಮ್ಮನವರು ಮಿಲ್ಲಿನ ಮನೆಯ ಹಿರಿಯ ಸೊಸೆ. ನಕ್ಕರೆ ಮೂಗುತಿ ಮೊದಲು ನಗುತ್ತದೆ. ಕೂತರು, ನನ್ನ ನೌಕರಿ ಕೇಳಿದರು, ನಮ್ಮ ಮನೆ ಯಾವ ಕಡೆ ಅಂದರು. ಅಂಬೇಡ್ಕರ್ ನಗರ ಅಂದೆ. "ಚೊಲೋ ಆತು," ಅಂದರು. ಏನು ಚೊಲೋ ಆಯಿತೋ.

ಎದುರಿನ ಹೋಟೆಲಿಗೆ ಅವರೇ ಕೂಗಿ ಚಹಾ ಹೇಳಿದರು. ಎರಡು ಗಾಜಿನ ಲೋಟ, ಒಂದು ಪೇಪರ್ ಕಪ್ಪು ಬಂದವು. ಕಪ್ಪನ್ನು ಅವರೇ ಎತ್ತಿ ನನ್ನ ಮುಂದಿಟ್ಟರು. "ಕುಡೀವಾ. ಬಿಸಿ ಐತಿ."

ನಾನು ಅವನನ್ನು ನೋಡಿದೆ. ಅವನು ಕಪ್ಪನ್ನು ನೋಡಿದ್ದ. ಅದು ನನಗೆ ಗೊತ್ತು. ನೋಡಿದವನು ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು, ಕೂಸಿನ ಉಗುರಿನಷ್ಟಿದ್ದ ಗಾಲಿಯೊಂದನ್ನು ತಿಕ್ಕತೊಡಗಿದ.

ಚಹಾ ಪೂರ್ತಿ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಕಪ್ಪನ್ನು ಮಡಚಿ ಅವನ ಬಣ್ಣದ ಡಬ್ಬಿಗಳ ನಡುವೆ ಇಟ್ಟು ಎದ್ದೆ.

ಸ್ಕೂಟಿಯ ಹತ್ತಿರ ಓಡಿ ಬಂದ. "ಅವ್ವ ಹಳೀ ಕಾಲದಾಕಿ ರಿ. ತಪ್ಪು ತಿಳ್ಕಾಬ್ಯಾಡ್ರಿ."

"ಅವರು ಯಾವ ಕಾಲದೋರು ನಂಗ ಗೊತ್ತೈತಿ. ನೀವು ಯಾವ ಕಾಲದೋರು?"

"ಮನ್ಯಾಗ ಹೇಳ್ತೀನಿ ಅವ್ವಗ. ಒಳಗ ಕುಂತು."

"ಒಳಗ."

"ಕ್ರಾಂತಿ..." ಅವನು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ, ದನಿ ತಗ್ಗಿಸಿದ. "ನಿಮ್ಮನ್ನ ಮದುವಿ ಆಗಬೇಕಂತ ಐತಿ ನನಗ."

ಜೀವಮಾನದಲ್ಲಿ ಒಮ್ಮೆ ಕೇಳುವ ಮಾತು. ಅದನ್ನೂ ಕದ್ದ ಮಾಲು ಮಾರುವವನ ಹಾಗೆ ಆಡಿದ. ಗಾಡಿ ಸ್ಟಾರ್ಟ್ ಮಾಡಿದೆ. ಗಾಂಧಿ ಸರ್ಕಲ್ ದಾಟುವವರೆಗೆ ಅಳು ಬರಲಿಲ್ಲ. ದಾಟಿದ ಮೇಲೆ ಧೂಳಿತ್ತು, ಹೆಲ್ಮೆಟ್ಟೂ ಇತ್ತು.

ಮೂರು ವಾರ ಅವನ ಅಂಗಡಿಯ ರಸ್ತೆ ಬಿಟ್ಟು ಸುತ್ತಿ ಓಡಾಡಿದೆ. ಬಿಟ್ಟುಬಿಡುವುದು ನನಗೆ ಬರುವ ಏಕೈಕ ವಿದ್ಯೆ, ಅದೂ ಕೈಕೊಡುತ್ತಿತ್ತು. ಮೇಣದಬತ್ತಿ ಕಂಡರೆ ಉಸಿರು ತಾನಾಗಿ ನಿಲ್ಲುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಚಪ್ಪಲಿ ಡಬ್ಬಿಯೊಂದನ್ನು ಎದೆಗವಚಿಕೊಂಡು ಅವನು ನಮ್ಮ ಓಣಿಯಲ್ಲಿ ನಡೆದು ಬಂದ. ಬೈಕು ತಂದಿರಲಿಲ್ಲ, ವಿಮಾನ ಅಲುಗೀತೆಂದು. ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ಅಪ್ಪನ ಎದುರು ನಿಂತು, "ಸರ್, ಇದನ್ನ ತಾವು ನೋಡಬೇಕ್ರಿ," ಅಂದ.

ನಾನು ಒಳಗಿನಿಂದ ನೋಡುತ್ತಿದ್ದೆ. ಅವ್ವ ಚಹಾ ಕೊಟ್ಟಳು, ಸ್ಟೀಲ್ ಲೋಟದಲ್ಲಿ, ನಮ್ಮೆಲ್ಲರ ಲೋಟದಂಥದ್ದೇ. ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದು ತುಂಬ ಹೊತ್ತು ತಲೆ ತಗ್ಗಿಸಿಯೇ ಇದ್ದ.

ಅಪ್ಪ ಕನ್ನಡಕ ಹಾಕಿಕೊಂಡ. ಡಬ್ಬಿಯಿಂದ ವಿಮಾನ ತೆಗೆದವನೇ ತಿರುವಿ ಹೊಟ್ಟೆ ನೋಡಿದ. ಬೆನ್ನು ನೋಡಲೇ ಇಲ್ಲ. ಕಿರುಬೆರಳಿನ ಉಗುರಿನಿಂದ ಗಾಲಿಯ ಬಾಗಿಲು, ಕೊಳವೆ, ಸಂದು ಎಲ್ಲ ಮುಟ್ಟಿದ. ಓಣಿಯಲ್ಲಿ ಎರಡು ಟ್ರ್ಯಾಕ್ಟರ್ ಹೋದವು.

"ಎಣ್ಣಿ ಸರಿ ಹರಿದೈತಿ," ಅಂದ.

ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ಅಪ್ಪ ಇಷ್ಟು ಹೊಗಳಿರಲಿಲ್ಲ.

"ಯಾರು ಸಹಿ ಮಾಡ್ಯಾರ ಇದಕ್ಕ?"

ಗವಿಸಿದ್ದೇಶನಿಗೆ ಅರ್ಥವಾಗಲಿಲ್ಲ.

"ನಮ್ಮಲ್ಲಿ ಒಂದು ಸ್ಕ್ರೂ ತಿರುವಿದ್ರೂ ಸಹಿ ಮಾಡ್ಬೇಕು. ನಾ ಮಾಡೀನಿ ಅಂತ. ನಾಳೆ ಬಿದ್ರ ನನ್ನ ಕೇಳ್ರಿ ಅಂತ. ಸಹಿ ಇಲ್ಲದ ವಿಮಾನ ಎಷ್ಟ ಚಂದಿದ್ರೂ ಹಾರಂಗಿಲ್ಲಪ್ಪ."

ಅವನ ಮುಖ ಬೆಳಗಿತು. ಜೇಬಿನಿಂದ ಒಂದೆಳೆಯ ಕುಂಚ ತೆಗೆದ. "ಈಗ ಮಾಡ್ತೀನ್ರಿ. ಗಾಲಿ ಗೂಡಿನ ಒಳಗ ಜಾಗ ಐತಿ."

ನಾನು ಹೊರಗೆ ಬಂದೆ. "ಅಲ್ಲಿ ಬರದ್ರ ಯಾರಿಗೆ ಕಾಣ್ತತಿ? ಮತ್ತ ಒಳಗ ಬರೀತೀರಿ. ನಿಮ್ಮ ಎದಿ ಇರೋದ ಅಷ್ಟು."

ಕುಂಚ ಗಾಳಿಯಲ್ಲೇ ನಿಂತಿತು. "ಎಲ್ಲಿ ಮಾಡ್ಲಿ, ನೀವ ಹೇಳ್ರಿ."

"ಸಬ್ ರಿಜಿಸ್ಟ್ರಾರ್ ಆಫೀಸಿನಾಗ. ವಿಶೇಷ ವಿವಾಹದ ಅರ್ಜಿ ಕೊಟ್ರ ಇಬ್ಬರ ಹೆಸರು, ವಿಳಾಸ ಹೊರಗಿನ ಬೋರ್ಡಿಗೆ ಹಚ್ಚತಾರ. ಮೂವತ್ತು ದಿನ. ನಿಮ್ಮ ಮಿಲ್ಲಿನೋರು, ಮಠದೋರು, ಹೊಲ ರಿಜಿಸ್ಟ್ರಿಗೆ ಬಂದೋರು, ಎಲ್ಲಾರೂ ಓದ್ತಾರ. ಅಲ್ಲಿ ಮಾಡ್ರಿ."

ಅಪ್ಪ ಪೇಪರನ್ನು ಮತ್ತೆ ಎತ್ತಿಕೊಂಡ. ಅವನ ಕಿವಿ ಮಾತ್ರ ನಮ್ಮ ಕಡೆ ಇತ್ತು.

ಗವಿಸಿದ್ದೇಶ್ ಕುಂಚ ಜೇಬಿಗಿಟ್ಟ. ಲೋಟ ಕೆಳಗಿಟ್ಟ. ಓಡಿಹೋಗುತ್ತಾನೆ ಅಂದುಕೊಂಡೆ. ಹೋಗಲಿ, ನನ್ನ ಮಾತೇ ನಿಜವಾಗಲಿ ಅಂತಲೂ ಅಂದುಕೊಂಡೆ; ನನ್ನಂಥವರಿಗೆ ಅದೊಂದೇ ಸುಖ.

"ಎಷ್ಟೊತ್ತಿಗೆ ತಗೀತಾರ ಆಫೀಸು?" ಅಂದ.

ಮಂಗಳವಾರ ಅರ್ಜಿ ಕೊಟ್ಟೆವು. ಬುಧವಾರ ಮಧ್ಯಾಹ್ನ ಜವಾನ ಹಾಳೆಗೆ ಗೋಂದು ಬಳಿದು ಬೋರ್ಡಿಗೆ ಹಚ್ಚಿದ. ನಾವಿಬ್ಬರೂ ಎದುರು ನಿಂತು ನೋಡಿದೆವು. ಗವಿಸಿದ್ದೇಶನ ಸಹಿ ಕೆಟ್ಟದಾಗಿತ್ತು. ಕಾಲೂರಲಾರದ ಕೊಕ್ಕರೆಯ ಹಾಗೆ.

ಆಗ ಅವನ ಸೋದರಮಾವ ಕೊಟ್ರಸ್ವಾಮಿ ಒಳಗಿನಿಂದ ಬಂದರು. ಹೊಲದ ಪತ್ರಕ್ಕೆ ಬಂದಿದ್ದವರು. ಅಳಿಯನನ್ನು ಕಂಡು ನಕ್ಕರು, ನನ್ನನ್ನು ಕಂಡು ನಗು ನಿಲ್ಲಿಸಿದರು, ಬೋರ್ಡ್ ಓದಿದರು. ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು ಬಹಳ ಅಕ್ಕರೆಯಿಂದ ಅಂದರು:

"ಸಿದ್ದೇಶಿ, ಇದು ಬ್ಯಾರೆ ಯಾವನೋ ಇರಬೇಕಲ್ಲಲೇ. ನಿನ್ನ ಹೆಸರಿನೋರು ಊರಾಗ ಹತ್ತು ಮಂದಿ ಅದಾರ. ಹೌದಿಲ್ಲೋ?"

ಎಷ್ಟು ಸುಲಭದ ಬಾಗಿಲು. ತಲೆ ಅಲ್ಲಾಡಿಸಿದರೆ ಸಾಕಿತ್ತು. ನಾನು ಅವನ ಕಡೆ ನೋಡಲಿಲ್ಲ. ಎದುರು ಗೋಡೆಯ ಮೇಲೆ ಹಲ್ಲಿಯೊಂದು ಇತ್ತು, ಅದನ್ನು ನೋಡಿದೆ.

"ಇಲ್ಲ ಮಾವ," ಅಂದ ಗವಿಸಿದ್ದೇಶ್. ದನಿ ಜೋರಾಗಿತ್ತು, ಒಳಗಿನ ಗುಮಾಸ್ತರೂ ತಲೆ ಎತ್ತಿದರು. "ನಾನ ಅದು. ವಿಳಾಸ ಓದ್ರಿ, ನಮ್ಮ ಮನೀದ ಐತಿ. ಇವರ ಕ್ರಾಂತಿ ಅಂದ್ರ. ಅವ್ವಗ ನೀವು ಹೇಳೋ ಮೊದ್ಲ ನಾನ ಹೋಗಿ ಹೇಳ್ತೀನಿ."

ಕೊಟ್ರಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಹೋಗುವಾಗ ಫೋನು ತೆಗೆದಿದ್ದರು.

ಅವನು ಗೋಡೆಗೆ ಒರಗಿದ. ಹಣೆಯೆಲ್ಲ ಬೆವರು. ನನ್ನ ಬಾಯಲ್ಲಿ ಯಾವಾಗಲೂ ಒಂದು ಕುಟುಕು ಮಾತು ತಯಾರಿರುತ್ತದೆ. ಹುಡುಕಿದೆ. ಸಿಗಲಿಲ್ಲ. ದುಪಟ್ಟಾದ ತುದಿಯಿಂದ, ಅಷ್ಟು ಜನರ ಎದುರು, ಅವನ ಹಣೆ ಒರೆಸಿದೆ.

"ನಡಿಯಲೇ," ಅಂದೆ. "ನಿಮ್ಮವ್ವನ ಮುಂದ ಒಬ್ಬನ ಹೋಗ್ಬ್ಯಾಡ. ನಾನೂ ಬರ್ತೀನಿ."

ಅವನು ನನ್ನನ್ನು ನೋಡಿದ. ಭೂತಗನ್ನಡಿ ಇರಲಿಲ್ಲ. ಆದರೂ ಕಣ್ಣು ಅಷ್ಟೇ ದೊಡ್ಡವಾಗಿದ್ದವು.