ಬಿಳಿಗೋಲಿನವರು ಎಷ್ಟು ಜನ?

"ಬಿಲ್ಲಿಕೋಲ್! ಯಾರುಂಗ ಬಿಲ್ಲಿಕೋಲ್?"

ಸೇಲಂ ಶೆವ್ವಾಪೇಟೆಯ ಬೆಳ್ಳಿ ಅಂಗಡಿಯವರು ಕೂಗಿದ್ದೇ ತಡ, ಮೇನಕಾ ಎದ್ದು ನಿಂತಳು. ಪಕ್ಕದ ಬೆಂಚಿನಿಂದ ಇನ್ನೊಬ್ಬನೂ ಎದ್ದ. ಗಾಜಿನ ಮೇಲಿದ್ದ ಕಾಲ್ಗೆಜ್ಜೆ ಪೊಟ್ಟಣಕ್ಕೆ ಇಬ್ಬರೂ ಒಟ್ಟಿಗೆ ಕೈ ಹಾಕಿದರು.

"ಇದು ಎನ್ನೋಡದು," ಅಂದಳು ಮೇನಕಾ ತಮಿಳಿನಲ್ಲಿ.

ಅವನು ಕೈ ತೆಗೆಯಲಿಲ್ಲ. ಅವಳ ಮುಖವನ್ನೇ ನೋಡಿದ.

"ನಿನ್ ಎಸ್ರೂ ಬಿಳಿಗೋಲಾ... ಅಂಗಾದ್ರೆ ಮನೇಲಿ ಕನ್ನಡ ತಾನೇ?"

ಮೇನಕಾ ಪೊಟ್ಟಣ ಮರೆತು ಅವನ ಕಡೆ ತಿರುಗಿದಳು. ಇಡೀ ಸೇಲಂನಲ್ಲಿ ತನ್ನ ಹೆಸರನ್ನು ತಪ್ಪಿಲ್ಲದೆ ಕರೆದವರು ಒಬ್ಬರೂ ಇಲ್ಲ. ಅವಳು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಕಾಲೇಜಿನಲ್ಲಿ ಅವಳನ್ನು 'ಬಿಲ್ಲಿಕೋಲ್ ಮೇಡಂ' ಅಂತಾರೆ. ಈ ಕಡೆ ಎಲ್ಲರಿಗೂ ಅಪ್ಪನ ಹೆಸರಿನ ಒಂದಕ್ಷರ ಸಾಕು. ಅವಳ ಮನೆಯವರು ಮಾತ್ರ ಹಟ ಹಿಡಿದು ಕುಲದ ಹೆಸರನ್ನೇ ಬರೆಸಿಕೊಂಡು ಬಂದಿದ್ದರು. ಇವನು ಯಾರು, ಆ ಹೆಸರನ್ನು ಇಷ್ಟು ಸಲೀಸಾಗಿ ಹೇಳುವವನು?

"ನಾನು ಗೋಕುಲ್. ಕಡಯಂಪಟ್ಟಿ. ಜವ್ವರಿಸಿ, ಅದೇ ಸಾಬಕ್ಕಿ ಮಿಲ್ಲಲ್ಲಿ ಮೆಷಿನ್ ನೋಡ್ಕೊಳ್ಳೋ ಕೆಲ್ಸ," ಅಂದ. ನಕ್ಕರೆ ಕಣ್ಣೂ ನಗುವ ಮುಖ. "ನಾವೂ ಬಿಳಿಗೋಲೇ. ಅಂಗಂದ್ರೆ ನೀನು ನಂಗೆ ತಂಗಿ ಆಗ್ಬೇಕು!"

ಅಯ್ಯೋ!

ಈಗ ತಾನೇ ಅರಳಿದ್ದು ಅಲ್ಲೇ ಮುದುಡಿತು. ಒಂದೇ ಕುಲದವರು ಅಣ್ಣತಂಗಿ. ಮುಖ ನೋಡಿರಲಿ ಬಿಡಲಿ, ನಡುವೆ ನೂರು ಊರು ಇರಲಿ, ಮದುವೆಯ ಮಾತೇ ಎತ್ತುವಂತಿಲ್ಲ. ಮದುವೆಯೇನಿದ್ದರೂ ಬೇರೆ ಕುಲದ ನೆಂಟರ ಜೊತೆ. ಅವಳ ಊರಾದ ಕಂಬೈನಲ್ಲೂರು ಕಡೆ ಹಾಲುಗಲ್ಲದ ಮಗುವಿಗೂ ಗೊತ್ತಿರುವ ಮಾತು ಇದು. ಎಂ.ಎಸ್ಸಿ. ಓದಿದ ಮೇನಕಾಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಪೊಟ್ಟಣ ಬಿಚ್ಚಿ ನೋಡಿದರೆ ಅವನ ತಂಗಿಯ ಗೆಜ್ಜೆ. ಮೇನಕಾಳದ್ದು ಇನ್ನೂ ಪಾಲಿಶ್ ಆಗುತ್ತಿತ್ತು. ಅದು ಬರುವವರೆಗೆ ಅವನೂ ಕೂತ. ಹೋಗಬಹುದಿತ್ತು, ಹೋಗಲಿಲ್ಲ.

"ನಮ್ಮೋರು ಒಟ್ಟು ಎಷ್ಟು ಜನ ಇರ್ಬೋದು?" ಅಂತ ಅವನೇ ಕೇಳಿದ.

"ಗೊತ್ತಿಲ್ಲ. ಯಾರೂ ಎಣಿಸಿಲ್ಲ. ನಾನು ಎಣಿಸ್ಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದೀನಿ."

"ಬೈಕ್ ನಂದು, ಲೆಕ್ಕ ನಿಂದು. ಸರಿಯಾ?"

ಬೇಡ ಅನ್ನಬೇಕಿತ್ತು. "ಸರಿ" ಅಂದುಬಿಟ್ಟಳು!

* * *

ತಮಾಷೆ ನೋಡಿ. ಬೇರೆ ಯಾವ ಹುಡುಗನ ಬೈಕ್ ಹತ್ತಿದ್ದರೂ ಮೇನಕಾಳ ಮನೆಯಲ್ಲಿ ರಣರಂಗ ಆಗುತ್ತಿತ್ತು. ಇವನ ಹೆಸರು ಕೇಳಿದ್ದೇ ಅವಳ ಅಪ್ಪ ಗೋವಿಂದರಾಜ್ ತಾವೇ ಗೇಟು ತೆಗೆದರು.

"ಅಣ್ಣನ ಜೊತೆ ತಾನೇ, ಓಗ್ಬುಟ್ಟು ಬರ್ಲಿ ಬುಡು," ಅಂದರು ಅವಳ ಅಮ್ಮನಿಗೆ.

ಬೆಕ್ಕಿನ ಕೈಗೇ ಹಾಲಿನ ಗಡಿಗೆ ಕೊಟ್ಟ ಹಾಗೆ! ಆದರೆ ಪಾಪ, ಈ ಬೆಕ್ಕು ಹಾಲು ಮುಟ್ಟಲಿಲ್ಲ. ಮೇನಕಾ ಅವನನ್ನು ಒಮ್ಮೆಯೂ 'ಅಣ್ಣ' ಅನ್ನಲಿಲ್ಲ, ಅಷ್ಟೇ. 'ನೋಡಿ', 'ಕೇಳಿ' ಅಂತ ಹೇಗೋ ದಾಟಿಸುತ್ತಿದ್ದಳು.

ರಜೆ ಸಿಕ್ಕಾಗಲೆಲ್ಲ ಊರೂರು ಸುತ್ತಿದರು. ಹೋದಲ್ಲೆಲ್ಲ ರಾಗಿ ಮುದ್ದೆ, ಮಜ್ಜಿಗೆ, ಮತ್ತು ಹೆಸರಿಗೊಂದು ಕಥೆ. ಒಬ್ಬ ಮುದುಕ, ನಮ್ಮ ಹಿರಿಯ ಸಿಪ್ಪೆ ಸುಲಿದ ಬಿಳೀ ಕೋಲು ಹಿಡಿದು ಕುರಿಮಂದೆ ಹೊಡಕೊಂಡು ಮೈಸೂರು ಸೀಮೆಯಿಂದ ಇಳಿದ ಅಂದ. ಇನ್ನೊಬ್ಬ ಅಜ್ಜಿ, ಅವನು ಹಿಡಿದದ್ದು ಬೆಳ್ಳಿ ಕೋಲು, ಯಾವ ರಾಜನೋ ಕೊಟ್ಟದ್ದು ಅಂತ ಮೂಗು ಏರಿಸಿದಳು. ಬೆಳ್ಳಿ ಇದ್ದಿದ್ದರೆ ಕುರಿ ಯಾಕೆ ಮೇಯಿಸುತ್ತಿದ್ದ ಅಂತ ಗೋಕುಲ್ ಕೇಳಿ ಬೈಸಿಕೊಂಡ.

ಲೆಕ್ಕ ಬೆಳೆದಂತೆ ಮೇನಕಾಳ ಮನಸ್ಸು ಭಾರವಾಯಿತು. ಹೆಣ್ಣುಮಕ್ಕಳು ಮದುವೆಯಾದ ದಿನವೇ ಹೆಸರು ಬಿಟ್ಟು ಹೋಗುತ್ತಾರೆ. ಉಳಿದ ಮಕ್ಕಳಿಗೆ ಶಾಲೆಯಲ್ಲಿ ಬರೀ ಇನಿಷಿಯಲ್ಲು. ಮನೆಮಾತೂ ಅಷ್ಟೇ. 'ಯಾವ ಕುಲ' ಅಂತ ಕೇಳಿದರೆ ಹುಡುಗರು ತಮಿಳಿನಲ್ಲಿ 'ತೆರಿಯಲೆ', ಗೊತ್ತಿಲ್ಲ ಅಂದು ಮೊಬೈಲ್ ನೋಡುತ್ತಿದ್ದರು. ಇನ್ನೊಂದು ತಲೆಮಾರು ಕಳೆದರೆ ಎಣಿಸಲು ಏನೂ ಇರುವುದಿಲ್ಲ ಅಂತ ಅವಳ ಓದೇ ಅವಳಿಗೆ ಹೇಳುತ್ತಿತ್ತು.

"ನಮ್ಮಪ್ಪನಿಗೆ ಮಾತ್ರ ಈ ಎಸ್ರು ಅಂದ್ರೆ ಪ್ರಾಣ," ಅಂದ ಗೋಕುಲ್ ಒಮ್ಮೆ, ದಾರಿ ಬದಿಯ ಹುಣಸೆ ಮರದ ಕೆಳಗೆ ಬೈಕ್ ನಿಲ್ಲಿಸಿ. "ಮನೆ ಬಾಗ್ಲು ಮೇಲೆ ಬರ್ಸವ್ರೆ. ಟ್ರ್ಯಾಕ್ಟರ್ ಮೇಲೂ ಬರ್ಸವ್ರೆ!"

ಹೇಳುತ್ತಾ ಅವನ ನಗು ಅರ್ಧಕ್ಕೇ ನಿಂತಿತು. ಮೇನಕಾ ಗಮನಿಸಿದಳು. ಕೇಳಲಿಲ್ಲ.

ಅವಳಿಗೆ ಅವಳದೇ ಚಿಂತೆ ಹಾಸಿ ಹೊದೆಯುವಷ್ಟಿತ್ತು. 'ಇವನ ಬೆನ್ನು ನೋಡ್ಕೊಂಡು ಇಷ್ಟು ದೂರ ಬಂದೆ... ನಾನು ಮಾಡ್ತಿರೋದು ಪಾಪ ಅಲ್ವಾ? ದೇವರೇ, ಇವನ ಹೆಸರು ಬೇರೆ ಏನಾದ್ರೂ ಆಗಿರಬಾರದಿತ್ತಾ?'

* * *

ಮಾರ್ಗಳಿ, ಅಂದರೆ ಧನುರ್ಮಾಸ, ಕಳೆದ ಮೇಲೆ ಮನೆಗೆ ಸಂಬಂಧ ಬಂತು. ಹುಡುಗ ಶರವಣಕುಮಾರ್, ಧರ್ಮಪುರಿಯಲ್ಲಿ ಬ್ಯಾಂಕ್ ಕೆಲಸ. ಒಳ್ಳೆಯವನೇ. ಅದೇ ಕಷ್ಟ, ಬೇಡ ಅನ್ನಲು ಕಾರಣವೇ ಇಲ್ಲ.

ಹೆಣ್ಣು ನೋಡಲು ಬಂದ ದಿನ ಗೋವಿಂದರಾಜ್ ಗೋಕುಲನನ್ನೂ ಕರೆಸಿದರು. ಮೇನಕಾಳಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ.

"ಅಣ್ಣನ ಜಾಗದಲ್ಲಿ ನೀನೇ ನಿಂತ್ಕೋಬೇಕಪ್ಪ," ಅಂದರು ಅವನ ಹೆಗಲ ಮೇಲೆ ಕೈಯಿಟ್ಟು.

ಅಡುಗೆಮನೆ ಬಾಗಿಲಲ್ಲಿ ಮೇನಕಾ ಕಿವಿಗೊಟ್ಟು ನಿಂತಿದ್ದಳು. ಬೇಡ ಅನ್ನು... ಕೆಲಸ ಐತೆ ಅನ್ನು... ಏನಾದರೂ ಅನ್ನು!

"ಆಗ್ಲಿ ಚಿಕ್ಕಪ್ಪ," ಅಂದ ಗೋಕುಲ್, ತಲೆ ತಗ್ಗಿಸಿ.

ಅವಳ ಕಣ್ಣು ತುಂಬಿ ಬಂತು. ಎಲ್ಲಾ ತನ್ನದೇ ಭ್ರಮೆ. ಅವನಿಗೆ ತಾನು ತಂಗಿ ಅಷ್ಟೇ!

ಬಂದವರು ಒಪ್ಪಿ ಹೋದರು. "ಕುಲಪೂಜೆ ಮುಗೀಲಿ, ಮಾತು ಕೊಡ್ತೀನಿ," ಅಂದರು ಗೋವಿಂದರಾಜ್. ಗೋಕುಲನನ್ನು ಬಸ್ ಸ್ಟಾಪಿನ ತನಕ ಕಳಿಸಿ ಬರುತ್ತೇನೆಂದು ಮೇನಕಾ ಹೊರಟಳು. ಅವತ್ತು ಅವನು ಬೈಕ್ ತಂದಿರಲಿಲ್ಲ.

"ಸಂತೋಷಾನಾ ನಿಮಗೆ?" ಅಂತ ಕೇಳಿದಳು.

ಅವನು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತ.

"ಮೇನಕಾ... ನಾವು ಬಿಳಿಗೋಲಿನಲ್ಲಿ ಉಟ್ಟಿದೋರಲ್ಲ."

"ಏನು?"

"ನಮ್ ತಾತ ಬರಗಾಲದಲ್ಲಿ ಅಪ್ಪ ಅಮ್ಮನ್ನ ಕಳ್ಕೊಂಡು ಯಾವ್ದೋ ಕುರಿಮಂದೆ ಹಿಂದೆ ಬಂದ್ಬುಟ್ನಂತೆ. ಮಂದೆ ಬಿಳಿಗೋಲಿನೋರದ್ದು. ಆ ಯಜಮಾನ ಉಣ್ಣಾಕಿಕ್ಕಿ, ತನ್ ಎಸ್ರೂ ಕೊಟ್ಟ. ಅಜ್ಜಿ ಸಾಯೋ ಮುಂಚೆ ನಂಗೆ ಏಳಿದ್ಳು. ಅಪ್ಪಂಗೂ ಗೊತ್ತು. ನಾವಿಬ್ರೂ ಇದ್ರ ಬಗ್ಗೆ ಒಂದಿನಾನೂ ಮಾತಾಡಿಲ್ಲ."

ಹಾಗಾದರೆ ಇವನು ಅಣ್ಣನೇ ಅಲ್ಲ! ಮೇನಕಾಳಿಗೆ ಮೊದಲು ಬಂದದ್ದು ಸಂತೋಷ. ಅದರ ಹಿಂದೆಯೇ ಸಿಟ್ಟು!

"ಗೊತ್ತಿದ್ದೂ ಸುಮ್ನಿದ್ರಾ? ನಾನು ಪಾಪ ಮಾಡ್ತಿದೀನಿ ಅಂತ ಎಷ್ಟು ಅತ್ತಿದೀನಿ ಗೊತ್ತಾ ನಿಮಗೆ?"

"ಬಾಯಿ ಬಿಟ್ರೆ ಅಪ್ಪ ಸತ್ತೋಗ್ತಾರೆ, ಮೇನಕಾ. ಕುಲಪೂಜೇಲಿ ಎಲ್ಲರ ಜೊತೆ ಕೂರೋದೇ ಅವ್ರ ಜೀವ. ನೀನು ಬೇಕು ಅಂದ್ರೆ ಅವರ ಎಸ್ರು ಕಳೀಬೇಕು. ಅವರ ಎಸ್ರು ಉಳೀಬೇಕು ಅಂದ್ರೆ... ನಾನು ನಿಂಗೆ ಅಣ್ಣ ಆಗೇ ಇರ್ಬೇಕು. ನಾನೇನ್ ಮಾಡ್ಲಿ, ಏಳು?"

ಟೌನ್ ಬಸ್ ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ.

ಮೇನಕಾಳಿಗೆ ಗೋಕುಲನ ಅಪ್ಪ ಎಲ್ಲಪ್ಪನವರ ಮುಖ ನೆನಪಾಯಿತು. ಅವರ ಮನೆಗೆ ಲೆಕ್ಕಕ್ಕೆ ಹೋದ ದಿನ ಆ ಮನುಷ್ಯ ಹೊಸ ಅಂಗಿ ಹಾಕಿಕೊಂಡು ಕಾದಿದ್ದರು. 'ಬರ್ಕೋ ಮಗಳೇ, ನಾವು ಐದು ಜನ' ಅಂದಾಗ ಎದೆ ಉಬ್ಬಿತ್ತು. ಹೊರಡುವಾಗ, ನಮ್ಮನ್ನ ಮರೀಬ್ಯಾಡ ಅಂತ ಎರಡು ಸಲ ಹೇಳಿದ್ದರು. ಅದು ಬರೀ ಉಪಚಾರದ ಮಾತಲ್ಲ ಅಂತ ಈಗ ಅರ್ಥವಾಯಿತು.

ಅವಳು ಕಣ್ಣೊರೆಸಿಕೊಂಡಳು.

"ಬಾಯಿ ಬಿಡಬೇಡಿ. ಯಾರಿಗೂ ಏಳಬೇಡಿ. ಆ ವಯಸ್ಸಿನೋರ ಕೈಯಿಂದ ಎಸ್ರು ಕಿತ್ಕೊಂಡು ನಂಗೆ ಮದುವೆ ಬೇಡ."

"ಮೇನಕಾ..."

"ಮುಂದಿನ ಬಸ್ ಹತ್ತಿ," ಅಂದಳು, ಹಿಂದಿರುಗಿ ನೋಡದೆ ನಡೆದಳು.

* * *

ಕುಲಪೂಜೆಯ ಬೆಳಿಗ್ಗೆ. ಗುಡಿಯ ಮುಂದೆ ಉದ್ದಕ್ಕೆ ಕರೀ ಕಂಬಳಿ ಹಾಸಿದ್ದರು. ಕುಲದಲ್ಲಿ ಹುಟ್ಟಿದವರಿಗೆ ಮಾತ್ರ ಕಂಬಳಿ. ಹೆಣ್ಣು ಕೊಟ್ಟು ತಂದ ನೆಂಟರು ಎದುರಿಗೆ ಬರೀ ನೆಲದ ಮೇಲೆ. ಎಷ್ಟು ದೊಡ್ಡ ಆಫೀಸರ್ ಆಗಿರಲಿ, ನೆಂಟನಾದರೆ ನೆಲವೇ ಗತಿ!

ಎಲ್ಲಪ್ಪ ಕಂಬಳಿಯ ನಡುವೆ ಪಂಚೆ ಹರವಿಕೊಂಡು ಕೂತಿದ್ದರು. ಪಕ್ಕದಲ್ಲಿ ಗೋಕುಲ್, ಮುಖ ಬಾಡಿತ್ತು. ಮೇನಕಾಳ ಅಜ್ಜಿ ದೊಡ್ಡಮುನಿಯಮ್ಮ ಅಲ್ಲಿದ್ದವರಿಗೆಲ್ಲ ಹಿರಿಯಳು. ಮಂಗಳಾರತಿ ಆದ ಮೇಲೆ ಅವಳೇ ಕೂಗಿದಳು.

"ಏನಮ್ಮೀ, ವರ್ಷವೆಲ್ಲ ಸುತ್ತಿದ್ಯಲ್ಲಾ! ದೇವ್ರ ಮುಂದೆ ಲೆಕ್ಕ ಏಳು, ನಾವು ಎಷ್ಟು ಜನ ಇದೀವಿ?"

ಗದ್ದಲ ನಿಂತಿತು. ಮೇನಕಾ ಎದ್ದಳು. ಕೈಯಲ್ಲಿ ಏನೂ ಇರಲಿಲ್ಲ, ಲೆಕ್ಕ ಬಾಯಲ್ಲೇ ಇತ್ತು. ಜೀವಮಾನದಲ್ಲಿ ಅವಳು ತಪ್ಪು ಲೆಕ್ಕ ಹೇಳಿದವಳಲ್ಲ. ಇವತ್ತು ಹೇಳಬೇಕು.

ಗೋಕುಲನ ಕಡೆ ನೋಡಲಿಲ್ಲ. ನೋಡಿದರೆ ದನಿ ಹೊರಡುವುದಿಲ್ಲ ಅಂತ ಗೊತ್ತಿತ್ತು.

"ಇನ್ನೂರ ಹದಿನೆಂಟು," ಅಂದಳು.

"ಇಷ್ಟೇನಾ?" ಅಂತ ಯಾರೋ ನಿಟ್ಟುಸಿರು ಬಿಟ್ಟರು. ಇನ್ಯಾರೋ ಪರವಾಯಿಲ್ಲ ಅಂದರು.

"ಐದು ಕಮ್ಮಿ ಮಾಡಮ್ಮ."

ಎಲ್ಲರೂ ತಿರುಗಿದರು. ಎಲ್ಲಪ್ಪ!

"ಇನ್ನೂರ ಹದಿಮೂರು ಅಂತ ಏಳು," ಅಂದರು. "ನಮ್ಮಪ್ಪ ಈ ಕುಲದಲ್ಲಿ ಉಟ್ಟಿದೋನಲ್ಲ. ಅನ್ನಕ್ಕಿಲ್ದೆ ಬಂದ ಕೂಸು. ಯಾರೋ ಪುಣ್ಯಾತ್ಮ ಎಸ್ರು ಕೊಟ್ಟು ಸಾಕ್ದ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಇಲ್ಲಿ ಕೂತಿದ್ದೆ."

"ಅಪ್ಪಾ! ಬ್ಯಾಡ!" ಗೋಕುಲ್ ಅವರ ಕೈ ಹಿಡಿದುಕೊಂಡ.

"ಬುಡ್ಲಾ. ಇವ್ಳ ಹೆಣ್ಣು ನೋಡೋ ಶಾಸ್ತ್ರಕ್ಕೆ ಓಗ್ಬುಟ್ಟು ಬಂದಾಗಿಂದ ನೀನು ನೆಟ್ಟಗೆ ಉಂಡಿಲ್ಲ. ನಂಗೆ ಕಣ್ಣು ಕಾಣಾಕಿಲ್ವಾ? ಈ ಹುಡುಗಿ ದನಿ ಈಗ ಯಾಕೆ ನಡುಗ್ತು ಅಂತ ಕಿವಿ ಕೇಳಾಕಿಲ್ವಾ?"

ಅವರು ಮೊಣಕಾಲು ಹಿಡಿದು ಎದ್ದರು. ಕಂಬಳಿ ದಾಟಿದರು. ಎದುರಿಗೆ ಹೋಗಿ ನೆಲದ ಮೇಲೆ ಕೂತರು. ಗೋಕುಲ್ ಒಂದು ಕ್ಷಣ ಹಾಗೇ ಇದ್ದ, ಆಮೇಲೆ ಹೋಗಿ ಅಪ್ಪನ ಪಕ್ಕದಲ್ಲಿ ಕೂತ.

ಗುಸುಗುಸು ಎದ್ದಿತು. "ಅಂಗಾದ್ರೆ ಇವ್ರ ಕುಲ ಯಾವ್ದು?" ಅಂದರು ಪೊನ್ನುಸ್ವಾಮಿ, ಪೂಜೆಯ ಯಜಮಾನಿಕೆ ಅವರದ್ದು. "ಎಲ್ಲಪ್ಪ, ಏಳಪ್ಪ, ಯಾವ ಕುಲ ನೀವು?"

"ಗೊತ್ತಿಲ್ಲ ಸಾಮಿ," ಅಂದರು ಎಲ್ಲಪ್ಪ. ತಲೆ ಎತ್ತಲಿಲ್ಲ.

"ನಮ್ಮೆದುರಿಗೆ ಕೂತವ್ನಲ್ಲಾ," ಅಂದಳು ದೊಡ್ಡಮುನಿಯಮ್ಮ, "ಅದೇ ಅವನ ಕುಲ! ನೆಂಟ್ರ ಸಾಲು. ಇನ್ನೇನ್ ಬೇಕು ನಿಂಗೆ?" ಅಜ್ಜಿಯ ದನಿ ಅಲ್ಲಿಗೆ ಮೆತ್ತಗಾಯಿತು. "ಎಲ್ಲಪ್ಪ, ಎಸ್ರು ನೀನೇ ಇಟ್ಕೋ. ನಮ್ ಹಿರೀಕರು ಕೊಟ್ಟಿದ್ದು. ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳಾಕೆ ಅದೇನು ಸೇರು ರಾಗಿನಾ?"

ಪೊನ್ನುಸ್ವಾಮಿ ಮುದುಕಿಯ ಕಣ್ಣು ನೋಡಿ ಮಂಗಳಾರತಿ ತಟ್ಟೆ ಎತ್ತಿಕೊಂಡು ಗುಡಿಯೊಳಗೆ ಹೋದರು.

ಗೋವಿಂದರಾಜ್ ಮಾತ್ರ ಮಗಳನ್ನೇ ನೋಡುತ್ತಿದ್ದರು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೂಂ ಅಪ್ಪ."

"ಗೊತ್ತಿದ್ದೂ ಇನ್ನೂರ ಹದಿನೆಂಟು ಅಂದ್ಯಾ?"

"ಅಂದೆ."

ಅಪ್ಪ ಚೊಂಬಿಗೆ ನೀರು ತುಂಬಿ ಅವಳ ಕೈಗಿಟ್ಟರು. "ಬಿಸ್ಲಲ್ಲಿ ಕೂತವ್ರೆ. ಓಗು, ಕೊಡು," ಅಂದರು. ಧರ್ಮಪುರಿಯವರಿಗೆ ಏನು ಉತ್ತರ ಹೇಳುವುದೆಂಬ ಯೋಚನೆ ಅವರ ಮುಖದ ಮೇಲೆ ಆಗಲೇ ಬಂದು ಕೂತಿತ್ತು.

ಮೇನಕಾ ಕಂಬಳಿ ದಾಟಿ ಎಲ್ಲಪ್ಪನವರ ಮುಂದೆ ಮಂಡಿಯೂರಿದಳು. ಇಷ್ಟು ದಿನ ಅವರನ್ನು ದೊಡ್ಡಪ್ಪ ಅನ್ನುತ್ತಿದ್ದಳು.

"ಮಾವ... ನೀರು ಕುಡೀರಿ."

ಎಲ್ಲಪ್ಪ ಚೊಂಬು ಹಿಡಿದರು. ಕುಡಿಯಲು ಆಗಲಿಲ್ಲ. ಮಗುವಿನ ಹಾಗೆ ಅತ್ತರು. ಅವಳು ಅವರ ಕೈ ಬಿಡಲಿಲ್ಲ.

"ಮೇನಕಾ," ಅಂದ ಗೋಕುಲ್ ಮೆಲ್ಲಗೆ. "ನಂಗೇನೂ ಇಲ್ವಾ?"

"ನಿಮಗೆ ಸಿಟ್ಟು ಐತೆ. ಬೇಕಾದಷ್ಟು."

"ಅದನ್ನೇ ಕೊಡು. ಎಷ್ಟು ವರ್ಷ ಕೊಡ್ತೀಯಾ?"

ಅವಳು ಕಣ್ಣೀರಲ್ಲೇ ನಕ್ಕಳು.

"ಲೆಕ್ಕ ಬಿಟ್ಟಿದೀನಿ," ಅಂದಳು. "ಇರೋವರೆಗೂ."