ಕಟ್ಟೆಯ ಮೇಲಿನ ತಾಮ್ರದ ಕೊಡ

ಭೀಮಾಬಾಯಿ ಲೇಲೆ ನಮ್ಮ ಮನೆಗೆ ಹಿತ್ತಲ ಬಾಗಿಲಿನಿಂದ ಬಂದರು. ಒಂಬತ್ತು ವರ್ಷದ ಮಗಳು ಮಥೂಳ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಒಳಗೆ ಬಂದವರೇ ನನ್ನ ಸೋದರತ್ತೆ ವೇಣೂ ಅತ್ಯಾಳ ಕಾಲಿಗೆ ಬಿದ್ದರು.

"ವೇಣೂತಾಯಿ, ನನ್ನ ದೊಡ್ಡ ಮಗಳು ಚಿಮಾ ಹ್ಯಾಂಗ ಸತ್ಲು ಅಂತ ಹುಡುಕಿಕೊಡ್ರಿ. ಐದು ದಿನದಾಗ ಹುಡುಕಿಕೊಡ್ರಿ."

"ಐದೇ ದಿನ ಯಾಕವಾ?"

"ಆರನೇ ದಿನಾ ಈ ಕೂಸಿನ ನಿಶ್ಚಯ ಅದ. ಅದೇ ಮನಿಗೆ, ಅದೇ ಅಳಿಯಗ. ಇವರು ಮಾತು ಕೊಟ್ಟುಬಿಟ್ಟಾರ."

ಚಿಮಾ ಬಾವಿಗೆ ಬಿದ್ದು ಸತ್ತು ಆಗಿನ್ನೂ ಎಂಟು ದಿನ. ಮಥೂಗೆ ಇದೊಂದೂ ಕೇಳಿಸಿದಂತಿರಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ನನ್ನ ಪಾಟಿಯ ಮೇಲಿನ ಅಕ್ಷರಗಳನ್ನು ಬೆರಳಿನಿಂದ ತಿದ್ದುತ್ತ ಕೂತಿದ್ದಳು. ಆ ದಿನಗಳಲ್ಲಿ ನಾನು ಪುಣೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ.

ಅಳಿಯ ನೀಲಕಂಠರಾವ್ ಪೋಂಕ್ಷೆಯವರನ್ನು ಊರೇ ಬಲ್ಲದು. ಸ್ತ್ರೀಶಿಕ್ಷಣದ ಬಗ್ಗೆ ಅವರಷ್ಟು ಚಂದ ಮಾತನಾಡುವವರಿರಲಿಲ್ಲ. ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ತರುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಅವರು ಪ್ರತಿಜ್ಞೆ ಮಾಡಿದಾಗ ನಾನು ಹೆಂಗಸರ ಪರದೆಯ ಹಿಂದೆ ಕೂತು ಅತ್ತಿದ್ದೆ. ಮನೆಗೆ ಬಂದು ಆ ಮಾತುಗಳನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೆ.

"ಅವರ ತಾಯಿ ಮಾಯಿ ಭಾಳ ಕಾಟ ಕೊಡ್ತಿದ್ಲು," ಭೀಮಾಬಾಯಿ ಕಣ್ಣೊರಸಿಕೊಂಡರು. "ಹತ್ತು ವರ್ಷಾತು, ಮಕ್ಕಳಾಗಲಿಲ್ಲ ಅಂತ. ಮದುವ್ಯಾಗ ಚಿಮಾಗ ಜಾನಕಿ ಅಂತ ಅವರೇ ಹೆಸರಿಟ್ಟರು, ಆಮ್ಯಾಲೆ ಆ ಹೆಸರಿಲೆ ಸುದ್ದಾ ಕರೀಲಿಲ್ಲ. 'ಬಂಜಿ' ಅಂದೇ ಕರದ್ರು. ಫೌಜದಾರ ಕಾಲು ಜಾರಿ ಬಿದ್ದಾಳ ಅಂತ ಬರಕೊಂಡ. ಓಣ್ಯಾಗ ತಾನೇ ಹಾರಿಕೊಂಡಾಳ ಅಂತಾರ. ಆ ಮುದುಕಿನೇ ನೂಕ್ಯಾಳ ಅಂತ ನನ್ನ ಹೊಟ್ಟಿ ಹೇಳ್ತದ."

ಅತ್ಯಾ ಆಕೆಯ ಬೆನ್ನು ಸವರಿದಳು. "ಹೊಟ್ಟಿ ಹೇಳಿದ್ದು ಇರ್ಲಿ. ಬಾವಿ ಏನು ಹೇಳ್ತದ ನೋಡೂಣು."

ವೇಣೂ ಅತ್ಯಾ ನನ್ನ ತಂದೆಯ ಅಕ್ಕ. ಹನ್ನೊಂದನೆಯ ವಯಸ್ಸಿಗೆ ಗಂಡ ಸತ್ತ. ಅಂದಿನಿಂದ ಬೋಳು ತಲೆ, ಕೆಂಪು ಸೀರೆ, ದಿನಕ್ಕೊಂದೇ ಊಟ. ಶ್ರಾದ್ಧದ ಅಡುಗೆಗೆಂದು ಅರ್ಧ ಊರಿನ ಅಡುಗೆಮನೆಗಳನ್ನು ಹೊಕ್ಕು ಬಂದಿದ್ದಳು. ಕಳುವಾದ ನತ್ತು, ಕಾಣೆಯಾದ ಸೊಸೆ, ಏನೇ ಇರಲಿ, ಹೆಂಗಸರು ಅವಳ ಬಳಿಯೇ ಬರುತ್ತಿದ್ದರು. "ಬೋಳಿ ಎದುರಿಗೆ ಬಂದ್ರ ಎಲ್ಲಾರೂ ಕಣ್ಣು ಮುಚ್ಕೋತಾರ ಠಕೂ," ಎಂದು ನನಗೆ ಹೇಳಿ ನಗುತ್ತಿದ್ದಳು, "ಬಾಯಿ ಮಾತ್ರ ಯಾರೂ ಮುಚ್ಚೂದಿಲ್ಲ."

ಮರುದಿನ ನಾವಿಬ್ಬರೂ ಪೋಂಕ್ಷೆಯವರ ಮನೆಗೆ ಹೋದೆವು. ನೀಲಕಂಠರಾವ್ ಪಡಸಾಲೆಯಲ್ಲಿ ಕೂತಿದ್ದರು, ಕಣ್ಣು ಕೆಂಪಗಿದ್ದವು.

"ಎಂಟು ದಿನ ಮುಂಬೈದಾಗಿದ್ದೆ," ಎಂದರು. "ನಾ ಬರೂದ್ರಾಗ ಎಲ್ಲಾ ಮುಗದಿತ್ತು. ಗಾಡಿ ನಾಲ್ಕಕ್ಕೇ ಬಂತು ನೋಡ್ರಿ. ಕತ್ತಲಾಗ ಟಾಂಗಾ ಸಿಗಲಿಲ್ಲಂತ ಸ್ಟೇಶನ್ನಿನಾಗೇ ಕೂತೆ. ಏಳಕ್ಕ ಓಣ್ಯಾಗ ಇಳದ್ರ ಮಂದಿ ನೆರದಾರ. ಪಾಪ, ದಿನದಂಗ ದೇವರ ನೀರು ತರಲಿಕ್ಕೆ ಹೋಗ್ಯಾಳ. ಹಾವಸಿ ಕಲ್ಲು, ಜಾರ್ಯಾಳ."

ಅವರು ಅಂಗವಸ್ತ್ರದಿಂದ ಕಣ್ಣೊರಸಿಕೊಂಡರು. ನನಗೂ ಅಳು ಬಂತು.

ಹಿತ್ತಲಲ್ಲಿ ಅವರ ವಿಧವೆ ತಂಗಿ ಬನೂತಾಯಿ ಪಾತ್ರೆ ತಿಕ್ಕುತ್ತಿದ್ದಳು. ಬಾವಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಸ್ನಾನದ ಕಲ್ಲು. ಹಿಂದಿನ ಜಗಲಿಯ ಮೂಲೆಯಲ್ಲಿ ಸುತ್ತಿಟ್ಟ ಕರಿಯ ಕಂಬಳಿ, ಬೋರಲು ಹಾಕಿದ ತಟ್ಟೆ, ಒಂದು ತಂಬಿಗೆ.

"ಅವು ಯಾರವು?" ಅತ್ಯಾ ಕೇಳಿದಳು.

"ವೈನಿಯವು. ಸೋಮವಾರ ಸಂಜಿಗೆ ಮುಟ್ಟಾಗಿ ದೂರ ಕೂತಿದ್ಲು. ಈ ತಿಂಗಳೂ ಇಲ್ಲ ಅಂತ ಅವ್ವ ಓಣಿಗೆಲ್ಲಾ ಕೇಳೂಹಂಗ ಬೈದ್ಲು. ಮರುದಿನ ನಸುಕಿನ್ಯಾಗ ನಾನೇ ಮೊದಲು ನೋಡಿದ್ದು." ಅವಳು ಬೂದಿ ಹತ್ತಿದ ಕೈಯಿಂದ ಬಾವಿಕಟ್ಟೆಯನ್ನು ತೋರಿಸಿದಳು. "ಅಲ್ಲಿ ದೇವರ ತಾಮ್ರದ ಕೊಡ ಇತ್ತು, ಹಗ್ಗ ಇತ್ತು. ಬಗ್ಗಿ ನೋಡಿದ್ರ ಸೀರಿ ತೇಲ್ತಿತ್ತು."

"ಆ ಕೊಡ ಈಗೆಲ್ಲಿ?"

"ಅವ್ವ ಆಗಿಂದಾಗ ಒಯ್ದು ದೇವರ ಮನ್ಯಾಗಿಟ್ಟಳು. ಹುಣಸೀಹಣ್ಣು ಹಚ್ಚಿ ತಿಕ್ಕಲೇನು ಅಂದ್ರ ಕಪಾಳಕ್ಕ ಹೊಡದ್ಲು."

"ಅದು ಯಾವಾಗ್ಲೂ ಎಲ್ಲಿರ್ತದ?"

"ಹಿತ್ತಲ ಬಾಗಿಲಾ ದಾಟಿ ಒಳಗ ಬಂದಕೂಡ್ಲೆ ಮಡೀ ಗೂಡಿನಾಗ."

ಅತ್ಯಾ ಸ್ನಾನದ ಕಲ್ಲಿನ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು. ದಾರಿಯಲ್ಲಿ ನಾನು, "ಮಾಯಿನೇ ಏನು?" ಎಂದೆ.

"ಆಕಿ ಅಂತೂ ಖಂಡಿತ ಅಲ್ಲ. ನಿನ್ನ ದಿನಚರಿ ಜ್ವಾಪಾನ ಇಟ್ಟುಕೋ."

ನಿಶ್ಚಯದ ದಿನ ಪೋಂಕ್ಷೆಯವರ ಪಡಸಾಲೆಯಲ್ಲಿ ಜಮಖಾನೆ ಹಾಸಿ, ತೆಂಗಿನಕಾಯಿ ಸಕ್ಕರೆ ಇಟ್ಟಿದ್ದರು. ಮಥೂಳ ತಂದೆ ಬಾಳಂಭಟ್ಟರು, ಓಣಿಯ ನಾಲ್ಕು ಹಿರಿಯರು, ಪಗಡಿ ಧರಿಸಿದ ನೀಲಕಂಠರಾವ್. ನಾವು ಹೆಂಗಸರು ಒಳಬಾಗಿಲ ಹಿಂದೆ. ದೊಡ್ಡವರ ಸೀರೆ ಸುತ್ತಿಕೊಂಡ ಮಥೂ ತಾಯಿಯ ತೊಡೆಯ ಮೇಲೆ ತೂಕಡಿಸುತ್ತಿದ್ದಳು.

ಬಾಳಂಭಟ್ಟರು ತೆಂಗಿನಕಾಯಿಗೆ ಕೈ ಹಾಕಿದಾಗ ಅತ್ಯಾ ಹೊಸ್ತಿಲು ದಾಟಿದಳು.

"ಅಯ್ಯ, ಶುಭ ಕಾರ್ಯದಾಗ ಈ ಬೋಳಿನ್ನ ಯಾರು ಕರದ್ರು?" ಬಾಳಂಭಟ್ಟರು ಕೂಗಿದರು.

"ಸತ್ತಾಕಿ ಕರದಾಳ ಭಟ್ಟರ," ಎಂದಳು ಅತ್ಯಾ. "ನಾ ಮುಗಿಸಿದ ಮ್ಯಾಲೆ ಬೇಕಾದ್ರ ಸ್ನಾನ ಮಾಡ್ರಿ. ಅಲ್ಲೀತನಕ ಕಾಯಿ ಕೆಳಗಿಡ್ರಿ."

ಅವಳು ನೆಲದ ಮೇಲೆಯೇ ಕೂತಳು.

"ಜಾನಕಿ ದೇವರ ನೀರಿಗೆ ಹೋಗಿ ಜಾರಿದ್ಲು ಅಂತೀರಿ. ಆಕಿ ಸೋಮವಾರ ಸಂಜಿಗೇ ದೂರ ಕೂತಿದ್ಲು. ಹೊರಗ ಕೂತಾಕಿ ಬಾವಿ ಮುಟ್ಟತಾಳೇನು? ದೇವರ ಕೊಡ ಮುಟ್ಟತಾಳೇನು? ಬಾಯಾರಿ ಸತ್ತರೂ ಮುಟ್ಟೂದಿಲ್ಲ. ಸಾಯಬೇಕಂತ ಹಾರಿಕೊಂಡಾಕಿ ಆಗಿದ್ರ ಕೊಡ ಯಾಕ? ಅಂದ್ರ ಕೊಡಾ ಬ್ಯಾರೆಯವರು ಇಟ್ಟಾರ, ನೀರಿಗೆ ಬಂದಿದ್ಲು ಅಂತ ತೋರಸಲಿಕ್ಕೆ. ಕಟ್ಟಿಮ್ಯಾಲೆ ಆ ಕೊಡ ಇಟ್ಟವರೇ ಆಕಿನ್ನ ನೂಕಿದವರು."

"ಯಾವನರೆ ಕಳ್ಳ..." ಒಬ್ಬ ಹಿರಿಯರು ಶುರುಮಾಡಿದರು.

"ಹೊರಗಿನವಗ ಒಳಗಿನ ಗೂಡಿನಾಗಿನ ಕೊಡಾ ಹ್ಯಾಂಗ ಗೊತ್ತಾಗ್ತದ? ಮನಿಯವರೇ ಇಟ್ಟಾರ. ಆದ್ರ ಮಾಯಿಗೆ ಸೊಸಿ ದೂರ ಕೂತದ್ದು ಗೊತ್ತಿತ್ತು, ಬೈದದ್ದೇ ಆಕಿ. ಬನೂಗೂ ಗೊತ್ತಿತ್ತು. ಇಂಥಾ ತಪ್ಪು ಅವರಿಬ್ಬರೂ ಮಾಡೂದಿಲ್ಲ. ಓಣಿಗೆಲ್ಲಾ ಗೊತ್ತಿತ್ತು. ಈ ಮನ್ಯಾಗ ಗೊತ್ತಿಲ್ಲದಾಂವ ಒಬ್ಬಾಂವನೇ."

ನೀಲಕಂಠರಾವ್ ನಕ್ಕರು. ಆ ನಗು ಸಭೆಯಲ್ಲಿ ಕಂಡ ನಗುವಿನಂತೆಯೇ ಇತ್ತು. "ಕಾಕೂ, ನಾ ಊರಾಗೇ ಇರಲಿಲ್ಲಲ್ಲ!"

"ಅದನ್ನೇ ಹೇಳ್ತಿರೂದಪ್ಪಾ. ಊರಾಗಿರಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ. ನಿನ್ನ ಗಾಡಿ ನಾಲ್ಕಕ್ಕ ಬಂತು. ಹಿತ್ತಲದಿಂದ ಬಂದಿ. ಸ್ನಾನದ ಕಲ್ಲಿನ ಮ್ಯಾಲೆ ಆಕಿ ಬೆನ್ನು ಮಾಡಿ ಕೂತಿದ್ಲು. ದಿನದಂಗ ನೀರಿಗೆ ಬಂದಾಳ ಅಂತ ತಿಳದಿ. ಎತ್ತಿ ಬಾವಿಗೆ ನೂಕಿದಿ, ಗೂಡಿನಾಗಿನ ಕೊಡಾ ತಂದು ಕಟ್ಟಿಮ್ಯಾಲೆ ಇಟ್ಟಿ. ಆಕಿ ಅಲ್ಲಿ ಕೂತಿದ್ದು ಯಾತಕ್ಕ ಗೊತ್ತೇನು? ಯಾರರೆ ಎದ್ದು ಬಂದು ತನಗೊಂದು ತಂಬಗಿ ನೀರು ಹಾಕಲಿ ಅಂತ."

ಒಳಗೆ ಭೀಮಾಬಾಯಿ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಹೆಂಡ್ತಿನ್ನ ಕೊಲ್ಲಲಿಕ್ಕೆ ನನಗೇನು ಕಾರಣ?"

"ಠಕೂ, ಓದವಾ."

ಗಂಡಸರ ಎದುರಿಗೆ ನಾನು ಅದುವರೆಗೆ ಬಾಯಿ ಬಿಟ್ಟವಳಲ್ಲ. ಬಾಗಿಲ ಮರೆಯಿಂದಲೇ ಓದಿದೆ: "ನನ್ನ ಪತ್ನಿ ಜೀವಂತವಾಗಿರುವವರೆಗೆ ಮಕ್ಕಳಾಗದಿದ್ದರೂ ಇನ್ನೊಬ್ಬಳ ಕೈ ಹಿಡಿಯೆನು. ಇದು ನನ್ನ ಪ್ರತಿಜ್ಞೆ."

"ಮಗ ಬೇಕಾಗಿತ್ತು," ಅತ್ಯಾಳ ದನಿ ತಗ್ಗಿತು. "ಸುಮ್ಮನ ಎರಡನೇ ಮದುವಿ ಆಗಿದ್ದರ ಮಂದಿ ನಗ್ತಿದ್ರು. ಜೀವಂತ ಇರೂತನಕ ಅಂತ ಆಣಿ ಮಾಡಿದ್ದಿ. ಆಣಿ ಉಳಿಸಿಕೊಂಡಿ, ಆಕಿನ್ನ ಉಳಸಲಿಲ್ಲ."

"ಇದಕ್ಕ ಸಾಕ್ಷಿ ಏನದ?" ಬಾಳಂಭಟ್ಟರು ಕೇಳಿದರು. ಅವರ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಅತ್ಯಾ ಒಳಬಾಗಿಲಿನ ಕಡೆ ತಿರುಗಿದಳು. "ಮಾಯಿ, ಮಗ್ಗಲ ಮನಿ ಹುಡುಗಿ ನೆರಳು ಬಿದ್ರ ನೀರು ಚೆಲ್ಲಾಕಿ ನೀನು. ದೂರ ಕೂತ ಸೊಸಿ ಮುಟ್ಟಿದ ಕೊಡ ತಿಕ್ಕದಂಗ ದೇವರ ಮುಂದ ಇಟ್ಟಿ. ಆಕಿ ಮುಟ್ಟಿಲ್ಲಂತ ನಿನಗ ಗೊತ್ತಿತ್ತು. ಹ್ಯಾಂಗ ಗೊತ್ತಿತ್ತು?"

ಮಾಯಿ ಎದ್ದಳು. ಅವಳು ಒಳಗೆ ಹೋದಾಗ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಆದರೆ ತಾಮ್ರದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಂದಳು. ಗಂಡಸರ ನಡುವೆ ನಡೆದು ಹೋಗಿ ಅದನ್ನು ಬಾಳಂಭಟ್ಟರ ಮುಂದೆ ಇಟ್ಟಳು.

"ಅವ್ವಾ!" ಎಂದರು ನೀಲಕಂಠರಾವ್.

ಅವಳು ಮಗನನ್ನು ನೋಡಲಿಲ್ಲ. "ಖಿಡಕಿಯಾಗಿಂದ ನೋಡೀನಿ. ಹತ್ತು ವರ್ಷ ಆಕಿಗೆ ಸಾಯಿ ಸಾಯಿ ಅಂದೆ. ಸತ್ತಾಗ ಒದರಲಿಕ್ಕೆ ಬಾಯಿ ಬರಲಿಲ್ಲ. ಭಟ್ಟರ, ಕೂಸಿನ್ನ ಕರಕೊಂಡು ಹೋಗ್ರಿ. ಈ ಮನಿಗೆ ಕೊಡಬ್ಯಾಡ್ರಿ."

ಬಾಳಂಭಟ್ಟರು ಎದ್ದರು. ತೆಂಗಿನಕಾಯಿ ಜಮಖಾನೆಯ ಮೇಲೆ ಉಳಿಯಿತು. ನಿದ್ದೆಗಣ್ಣಿನ ಮಥೂಳನ್ನು ಅವರೇ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು.

ಇಲ್ಲಿಗೆ ನ್ಯಾಯ ಸಿಕ್ಕಿತು ಎಂದು ಬರೆಯುವ ಆಸೆ ನನಗಿದೆ. ಆದರೆ ಫೌಜದಾರನ ಎದುರಿಗೆ ಮಾಯಿ ಒಂದು ಮಾತೂ ಆಡಲಿಲ್ಲ. ಹೆಂಗಸರು ದೂರ ಕೂಡುವುದನ್ನು ಕಚೇರಿಯಲ್ಲಿ ಬಾಯಿಬಿಟ್ಟು ಹೇಳಲು ಆ ಹಿರಿಯರಿಗೆ ನಾಚಿಕೆಯಾಯಿತು. ಕಾಲು ಜಾರಿ ಎಂದು ಬರೆದದ್ದು ಹಾಗೆಯೇ ಉಳಿಯಿತು. ನೀಲಕಂಠರಾವ್ ಬೇರೆ ಊರಿಗೆ ಹೋದರು. ಮರುವರ್ಷ ಅಲ್ಲಿ ಅವರ ಭಾಷಣಕ್ಕೆ ಜನ ಕಿಕ್ಕಿರಿದು ನೆರೆದಿದ್ದರೆಂದು ಪತ್ರಿಕೆಯಲ್ಲಿ ಬಂತು. ಹೆಂಡತಿಯ ಜೊತೆ ಬಂದಿದ್ದರಂತೆ. ನಾನು ದಿನಚರಿಯ ಆ ಪುಟ ಹರಿಯಲು ಹೋದಾಗ ಅತ್ಯಾ ಕೈ ಹಿಡಿದಳು. "ಇರ್ಲಿ. ಯಾರರೆ ಒಬ್ಬರ ಮನ್ಯಾಗ ಅದು ಬರದಿಟ್ಟಿರಬೇಕು."

ಮಥೂ ಆ ಶ್ರಾವಣದಲ್ಲಿ ಶಾಲೆಗೆ ಬಂದಳು. ಕರೆತಂದವರು ಭೀಮಾಬಾಯಿ, ಈ ಸಲ ಮುಂದಿನ ಬಾಗಿಲಿನಿಂದ. ಮೊದಲ ದಿನವೇ ಪಾಟಿ ನನ್ನ ತೊಡೆಯ ಮೇಲಿಟ್ಟು, "ಅಕ್ಕನ ಹೆಸರು ಹ್ಯಾಂಗ ಬರೀತಾರ?" ಎಂದು ಕೇಳಿದಳು.

"ಜಾನಕಿ ಅಂತಲಾ?"

ಅವಳು ಜೋರಾಗಿ ತಲೆ ಅಲ್ಲಾಡಿಸಿದಳು. "ಅದು ಅವರು ಇಟ್ಟದ್ದು."

ಅವಳ ಕೈ ಹಿಡಿದು ಬರೆಸಿದೆ. ಎರಡೇ ಅಕ್ಷರ, ಚಿಮಾ. ಮುಂದಿನ ಪಾಠಕ್ಕೆಂದು ಅದನ್ನು ಅಳಿಸಲು ನಾನು ಒದ್ದೆ ಬಟ್ಟೆ ತೆಗೆದಾಗ ಅವಳು ಎರಡೂ ಅಂಗೈಗಳನ್ನು ಪಾಟಿಯ ಮೇಲೆ ಮುಚ್ಚಿ ಕೂತಳು.

ಆ ದಿನದ ಪಾಠಕ್ಕೆ ನಾನು ಇನ್ನೊಂದು ಪಾಟಿ ತಂದೆ.