ಪಡ್ಡಿಂಗ್ ನಿಲ್ಲುವ ಗೇಟು

"ಗಂಡ ಹುಡುಕೋದು ಸುಲಭ ಕಣೇ ಟ್ಯಾಮ್ಸಿನ್," ಅಂದರು ಡಿಲಿಸ್, ಲದ್ದಿ ಗುಡಿಸುತ್ತ. "ಕುದುರೆಗೆ ಜೊತೆಗಾರ ಸಿಗೋದೇ ಕಷ್ಟ. ಗಂಡ ಸರಿಯಿಲ್ಲ ಅಂದ್ರೆ ಬಿಟ್ಟುಬಿಡಬಹುದು. ಕುದುರೆ ಕೆಟ್ಟರೆ ಯಾರ ಹತ್ರ ಹೇಳ್ಕೋತೀಯ?"

ಡಿಲಿಸ್ ಗ್ವಾಟ್ಕಿನ್ ಇಬ್ಬರು ಗಂಡಂದಿರನ್ನು ಬಿಟ್ಟವರು. ಕುದುರೆಯನ್ನು ಮಾತ್ರ ಒಂದನ್ನೂ ಬಿಟ್ಟವರಲ್ಲ. ಹಾಗಾಗಿ ಅವರ ಮಾತಿಗೆ ನಾನು ಎದುರಾಡಲಿಲ್ಲ.

ಕಿಂಗ್ಟನ್ನಿನಿಂದಾಚೆ, ವೇಲ್ಸ್ ಗಡಿಗೆ ಒತ್ತಿಕೊಂಡಂತೆ ಅವರ ಲಾಯ. ತಗ್ಗಿನ ಜಾಗ, ಮೊಬೈಲಿಗೆ ಸಿಗ್ನಲ್ಲೇ ಇಲ್ಲ, ಗೋಡೆಗೆ ನೇತುಹಾಕಿದ ಹಳೇ ಫೋನೇ ಗತಿ. ಅಲ್ಲಿರುವುದು ನನ್ನ ಹೆಣ್ಣು ಕುದುರೆ ಪಡ್ಡಿಂಗ್. ಕಂದು ಬಣ್ಣ, ಗಿಡ್ಡ ಕಾಲು, ಡ್ರಮ್ಮಿನಂಥ ಹೊಟ್ಟೆ, ಮಹಾರಾಣಿಯ ಗತ್ತು. ಮರಿಯಾಗಿದ್ದಾಗಿನಿಂದ ನನ್ನ ಜೊತೆಗಿದ್ದಾಳೆ. ನನ್ನ ಮದುವೆ ನಿಶ್ಚಯವಾಗಿ ಮುರಿದಾಗ ನಾನು ಅತ್ತಿದ್ದು ಅವಳ ಕುತ್ತಿಗೆ ತಬ್ಬಿಕೊಂಡೇ.

ಕಳೆದ ವಸಂತದಲ್ಲಿ ಎಳೆ ಹುಲ್ಲು ತಿಂದು ತಿಂದು ಅವಳ ಗೊರಸುಗಳಿಗೆ ಬಾವು ಬಂತು. ಇಂಥ ದಪ್ಪ ಕುದುರೆಗಳಿಗೆ ಆ ಸಿಹಿ ಹುಲ್ಲು ವಿಷ. "ದಿನಾ ಸವಾರಿ ಆಗಬೇಕು, ಎಳೆ ಹುಲ್ಲು ಬಾಯಿಗೆ ಹೋಗಬಾರದು. ಇನ್ನೊಂದು ಸಲ ಬಂದರೆ ಎದ್ದು ನಿಲ್ಲೋದು ಅನುಮಾನ," ಅಂದಿದ್ದರು ಪಶುವೈದ್ಯರು. ನಾನೋ ಹೆರೆಫರ್ಡಿನ ಹೆರಿಗೆ ವಾರ್ಡಿನ ನರ್ಸ್. ಕೂಸುಗಳು ನನ್ನ ಶಿಫ್ಟ್ ನೋಡಿಕೊಂಡು ಹುಟ್ಟುತ್ತವೆಯೇ? ಅರ್ಧ ವಾರ ಪಡ್ಡಿಂಗಳನ್ನು ನೋಡಿಕೊಳ್ಳುವ ಒಬ್ಬರು ಬೇಕೇ ಬೇಕಿತ್ತು. ಸಿಗದಿದ್ದರೆ ಅವಳನ್ನು ದೂರದ ಹ್ಯಾಂಪ್‌ಶೈರಿನ ಒಬ್ಬ ಹೆಂಗಸಿಗೆ ಕೊಟ್ಟುಬಿಡುವುದೆಂದು ಡಿಲಿಸ್ ಮಾತಾಡಿಯೂ ಇಟ್ಟಿದ್ದರು. ಆ ಹೆಂಗಸಿನ ಹೆಸರು ಕೇಳಿದರೇ ನನ್ನ ಹೊಟ್ಟೆ ಉರಿಯುತ್ತಿತ್ತು.

ಅದಕ್ಕೆ ಹಾಕಿದ ಜಾಹೀರಾತು ನೋಡಿ ಬಂದವರ ಕಥೆ ಕೇಳಬೇಕು. ಒಬ್ಬಳು ಬಂದವಳೇ ಫೋಟೋ ತೆಗೆದುಕೊಂಡು, "ಇವಳ ಕುತ್ತಿಗೆಯ ಜೂಲಿಗೆ ಸ್ವಲ್ಪ ಗುಲಾಬಿ ಬಣ್ಣ ಹಾಕಬಹುದಾ?" ಅಂದಳು. ಇನ್ನೊಬ್ಬ ಮಹಾಶಯ ಬಿಸಿಲಿದ್ದ ದಿನ ಮಾತ್ರ ಬರುತ್ತಾನಂತೆ. ಅದೂ ಸದಾ ಮಳೆಯ ಹೆರೆಫರ್ಡ್‌ಶೈರಿನಲ್ಲಿ! ಉಳಿದವರನ್ನು ಪಡ್ಡಿಂಗಳೇ ತಿರಸ್ಕರಿಸಿದಳು. ಜೀನು ಹಾಕಿ ಹೊಟ್ಟೆಪಟ್ಟಿ ಬಿಗಿಯುವಾಗ ಅವಳು ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಉಸಿರು ಬಿಟ್ಟರೆ ಪಟ್ಟಿ ಸಡಿಲ. ಎರಡನೇ ಸಲ ಬಿಗಿಯದೆ ಹತ್ತಿದವರು ಜೀನಿನ ಸಮೇತ ಪಕ್ಕಕ್ಕೆ ಜಾರಿ ಕೆಸರಿಗೆ. ಅದೇ ನಮ್ಮ ಪರೀಕ್ಷೆ. ಡಿಲಿಸ್ ಇದಕ್ಕೆಂದೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಕೊನೆಗೆ ಬಂದವನು ಎಮ್ರಿಸ್ ಪ್ರೋಬರ್ಟ್.

ಅವನು ಗೇಟು ತೆಗೆದು ಬಂದಾಗ ಮೊದಲು ಬಂದದ್ದು ಬ್ರೆಡ್ಡಿನ ಪರಿಮಳ. ಉದ್ದ ಆಳು, ಒಂದು ಕಿವಿಯ ಮೇಲೆ ಮೈದಾ ಹಿಟ್ಟು.

"ಇಲ್ಲಿ ಡಬಲ್ ರೊಟ್ಟಿ ಯಾರೂ ಕೇಳಿಲ್ವಲ್ಲ," ಅಂದೆ.

"ಮಾರೋಕೆ ಬಂದಿಲ್ಲ. ಕುದುರೆ ನೋಡೋಕೆ ಬಂದೆ," ಅಂದ. "ಬೆಳಗ್ಗೆ ಬೇಕರಿ. ಮಧ್ಯಾಹ್ನದ ಮೇಲೆ ನಾನು ಖಾಲಿ."

"ದಪ್ಪ ಕುದುರೆಗೆ ಬೇಕರಿಯವನು! ಭೇಷ್," ಅಂದರು ಡಿಲಿಸ್ ಕುರ್ಚಿಯಿಂದ. "ಬೆಕ್ಕಿಗೆ ಹಾಲು ಕಾಯೋ ಕೆಲಸ ಕೊಟ್ಟ ಹಾಗೆ."

ಅವನು ನಕ್ಕ. ನಗುವಾಗ ಮೊದಲು ಕಣ್ಣು ನಗುತ್ತದೆ, ಬಾಯಿ ಆಮೇಲೆ. ನಾನು ಅದನ್ನು ಗಮನಿಸಬಾರದಿತ್ತು. ಗಮನಿಸಿಬಿಟ್ಟೆ.

ಜೀನು ಹಾಕಿದ, ಪಟ್ಟಿ ಬಿಗಿದ. ಪಡ್ಡಿಂಗ್ ಬುಸ್ಸೆಂದು ಉಬ್ಬಿದಳು. ಡಿಲಿಸ್ ಮುಂದಕ್ಕೆ ಬಾಗಿದರು. ಆದರೆ ಅವನು ಹತ್ತಲಿಲ್ಲ. ಅವಳ ಕಿವಿಯ ಹಿಂದೆ ಕೆರೆಯುತ್ತ ನಿಂತು, "ನಮ್ಮ ತಾತನ ಕುದುರೆಯೂ ನಿನ್ನ ಹಾಗೇ ಕಳ್ಳಿ," ಅಂತ ಊರ ಸುದ್ದಿಯೆಲ್ಲ ಹೇಳತೊಡಗಿದ. ಅವಳಿಗೆ ಉಸಿರು ಕಟ್ಟಿ ಕಟ್ಟಿ ಕೊನೆಗೆ ಬಿಟ್ಟಳು ನೋಡಿ! ಅವನು ಮೆಲ್ಲಗೆ ಇನ್ನೆರಡು ತೂತು ಬಿಗಿದು ಹತ್ತಿ ಕೂತ.

"ಅಯ್ಯೋ, ಬೀಳಲೇ ಇಲ್ಲ," ಅಂದರು ಡಿಲಿಸ್ ನಿರಾಸೆಯಿಂದ.

ನನಗೆ ಕುಣಿದಾಡುವಷ್ಟು ಖುಷಿ. ಆದರೂ ಮುಖ ಗಂಟಿಕ್ಕಿಕೊಂಡು ನಿಯಮ ಹೇಳಿದೆ. "ಸಕ್ಕರೆ ಕೊಡಬಾರದು, ಬನ್ನು ಕೊಡಬಾರದು. ಮುಖ್ಯವಾಗಿ ದಾರೀಲಿ ಒಂದೆಳೆ ಹುಲ್ಲು ಕೂಡ ಬಾಯಿಗೆ ಹೋಗಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು. ನಿಮಗೆ ಬನ್ನು ಕೊಡಬಹುದಾ?"

"ನನಗೆ ಗೊರಸಿಲ್ಲ," ಅಂದೆ. ಎಂಥ ಉತ್ತರ! ಮನೆಗೆ ಹೋಗುವ ದಾರಿಯಿಡೀ ಹಣೆ ಚಚ್ಚಿಕೊಂಡೆ.

ಕುದುರೆ ಹಂಚಿಕೊಳ್ಳುವುದರಲ್ಲಿ ಒಂದು ವಿಚಿತ್ರವಿದೆ. ಒಬ್ಬರ ದಿನ ಇನ್ನೊಬ್ಬರು ಬರುವುದಿಲ್ಲ. ಮಂಗಳವಾರ, ಗುರುವಾರ, ಶನಿವಾರ ಅವನದು, ಮಿಕ್ಕಿದ್ದು ನನ್ನದು. ಹಾಗಾಗಿ ಅವನನ್ನು ನಾನು ಕಂಡದ್ದಕ್ಕಿಂತ ಅವನು ಬಿಟ್ಟುಹೋದದ್ದನ್ನು ಕಂಡದ್ದೇ ಹೆಚ್ಚು. ನನ್ನ ಕಾಲಿಗೆ ಎಟುಕದಷ್ಟು ಉದ್ದ ಮಾಡಿಟ್ಟ, ಜೀನಿನಲ್ಲಿ ಕಾಲೂರುವ ರಿಕಾಪುಗಳು. ಒರೆಸಿ ಹೊಳೆಯುವ ಜೀನು. ಪಡ್ಡಿಂಗಳ ಜೂಲಿನಲ್ಲಿ ಒಂದು ಚಿಟಿಕೆ ಮೈದಾ. ಗೂಟಕ್ಕೆ ತೂಗುಹಾಕಿದ ಚೀಲದಲ್ಲಿ ನನ್ನ ಪಾಲಿನ ದಾಲ್ಚಿನ್ನಿ ಬನ್ನು, ಬಟ್ಟೆಯಲ್ಲಿ ಸುತ್ತಿದ್ದು.

ನಾನೂ ಸುಮ್ಮನಿರಲಿಲ್ಲ. ಅವನ ಹರಿದ ಕೈಗವಸು ಹೊಲಿದಿಟ್ಟೆ. ಫ್ಲಾಸ್ಕಿನಲ್ಲಿ ಟೀ ಇಟ್ಟೆ. ಯಾರು ಇಟ್ಟರು, ಯಾಕೆ ಇಟ್ಟರು, ಇಬ್ಬರೂ ಬಾಯಿ ಬಿಡಲಿಲ್ಲ.

ಅವನ ಸವಾರಿಯ ದಿನ ಮಧ್ಯಾಹ್ನ ಒಂದು ಮೆಸೇಜು ಬರುತ್ತಿತ್ತು. "ಪಡ್ಡಿಂಗ್ ಆರಾಮಾಗಿದ್ದಾಳೆ." ಅಷ್ಟೇ. ಒಂದು ಚುಕ್ಕಿ ಹೆಚ್ಚಿಲ್ಲ, ಕಡಿಮೆಯಿಲ್ಲ. ವಾರ್ಡಿನಲ್ಲಿ ಫೋನು ಗುಂಯ್‌ಗುಟ್ಟಿದರೆ ನನ್ನ ಎದೆಯೂ ಗುಂಯ್. ತೆಗೆದು ನೋಡಿದರೆ ಅದೇ ಎರಡು ಪದ. ಪಾಪ, ಬ್ರೆಡ್ಡಿಗೆ ಉಪ್ಪು ಹಾಕಿದಂತೆ ಅಳೆದು ಬರೆಯುತ್ತಾನೆ, ಅವನಿಗೆ ನನ್ನ ಮೇಲೆ ಏನೂ ಇಲ್ಲ ಅಂದುಕೊಳ್ಳುತ್ತಿದ್ದೆ. ಆದರೂ ಮುಂದಿನ ಮೆಸೇಜಿಗೆ ಕಾಯುತ್ತಿದ್ದೆ.

ಅಪರೂಪಕ್ಕೆ ಗೇಟಿನಲ್ಲಿ ಎದುರಾದರೆ ಲಗಾಮು ಕೈಯಿಂದ ಕೈಗೆ ಹೋಗುವಾಗ ಬೆರಳು ತಾಗುತ್ತಿತ್ತು. ಅವನು ಆಕಾಶ ನೋಡುತ್ತಿದ್ದ. ನಾನು ಗೊರಸು ನೋಡುತ್ತಿದ್ದೆ.

"ಇಬ್ಬರೂ ಕತ್ತು ಉಳುಕಿಸಿಕೊಂಡಿದ್ದೀರಾ?" ಅಂತ ಡಿಲಿಸ್ ಒಳಗಿಂದ ಕೂಗುತ್ತಿದ್ದರು.

ಏಪ್ರಿಲ್ ಬಂತು. ಗುಡ್ಡವೆಲ್ಲ ಹಸಿರು. ಒಂದು ಬೆಳಿಗ್ಗೆ ಡಿಲಿಸ್ ಪಡ್ಡಿಂಗಳ ಹೊಟ್ಟೆಗೆ ಟೇಪು ಹಿಡಿದು, ಕೊಬ್ಬು ಎಷ್ಟಿದೆಯೆಂದು ಕತ್ತು ಒತ್ತಿ ನೋಡಿ, ಹುಬ್ಬು ಗಂಟಿಕ್ಕಿದರು.

"ಇಳಿದಿಲ್ಲ ಕಣೇ. ಒಂಚೂರು ಏರಿದೆ. ಎಲ್ಲೋ ಹುಲ್ಲು ತಿಂತಿದ್ದಾಳೆ. ವೈದ್ಯರು ಬರೋ ಹೊತ್ತಿಗೆ ಹೀಗೇ ಇದ್ರೆ ಹ್ಯಾಂಪ್‌ಶೈರಿಗೆ ಫೋನ್ ಮಾಡಲೇಬೇಕು. ಅವಳ ಜೀವಕ್ಕಿಂತ ನಿನ್ನ ಆಸೆ ದೊಡ್ಡದಲ್ಲ."

ನನ್ನ ದಿನಗಳಲ್ಲಿ ಒಂದೆಳೆಯನ್ನೂ ತಿನ್ನಿಸಿಲ್ಲ. ಹಾಗಾದರೆ?

ಉತ್ತರ ಅವತ್ತೇ ಸಿಕ್ಕಿತು. ಗುಡ್ಡದ ತುದಿಗೆ ನಾನು ಹೋಗುವುದೇ ಕಡಿಮೆ, ನನ್ನದು ಹೊಳೆಯ ದಾರಿ. ಅವತ್ತು ಸಂಕಟಕ್ಕೆ ಮೇಲೆ ಹೋದೆ. ತುದಿಯಲ್ಲಿ ಒಂದು ಮುರುಕಲು ಗೇಟು. ಅಲ್ಲಿಗೆ ಬಂದದ್ದೇ ಪಡ್ಡಿಂಗ್ ಗಕ್ಕನೆ ನಿಂತಳು. ನಾನು ಹೇಳಿಲ್ಲ, ಕೇಳಿಲ್ಲ! ತಲೆ ಬಗ್ಗಿಸಿ ಬೇಲಿಯಡಿಯ ಎಳೆ ಹುಲ್ಲಿಗೆ ಬಾಯಿ ಹಾಕಿದಳು. ಒದ್ದರೂ ಅಲುಗಲಿಲ್ಲ. ಕುದುರೆ ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲಿ ಅದನ್ನು ಯಾರೋ ದಿನಾ ನಿಲ್ಲಿಸಿದ್ದಾರೆ ಅಂತಲೇ ಅರ್ಥ. ಲಾಯದಲ್ಲಿ ಕಸ ಗುಡಿಸುವವರಿಗೂ ಇದು ಗೊತ್ತು.

ಕುರಿ ಹಿಂಡಿನ ಹಿಂದೆ ಬರುತ್ತಿದ್ದ ಮುದುಕ ಬೆವನ್ ನಕ್ಕ. "ಅವಳು ಇಲ್ಲಿ ನಿಲ್ಲೋದೇ ಮಗಾ. ನಿನ್ನ ಬೇಕರಿ ಹುಡುಗ ಲಗಾಮು ಬಿಟ್ಟು, ಫೋನಿನೊಳಗೆ ಮುಖ ಹುದುಗಿಸಿಕೊಂಡು, ತನ್ನಷ್ಟಕ್ಕೆ ತಾನೇ ನಗ್ತಾ ಕೂತಿರ್ತಾನೆ. ಯಾವಳೋ ಹುಡುಗಿ ಇರಬೇಕು."

ಮೈಯೆಲ್ಲ ಉರಿದುಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ! ಯಾವಳಿಗೋ ಪ್ರೇಮಪತ್ರ ಬರೆಯುತ್ತ ನನ್ನ ಕುದುರೆಗೆ ವಿಷ ತಿನ್ನಿಸುತ್ತಿದ್ದಾನೆ. ನನಗೆ ಎರಡು ಪದ, ಅವಳಿಗೆ ನಗು! ಯಾವುದಕ್ಕೆ ಹೆಚ್ಚು ಸಿಟ್ಟು ಬಂತು ಅಂತ ಕೇಳಬೇಡಿ.

ಶನಿವಾರ ಶಿಫ್ಟ್ ಬದಲಾಯಿಸಿಕೊಂಡು ಲಾಯದಲ್ಲಿ ಕಾದೆ. ಎಮ್ರಿಸ್ ಬಂದ. ನನ್ನನ್ನು ಕಂಡು ಅವನ ಕಣ್ಣು ನಕ್ಕಿತು.

"ಅರೆ, ನೀವು! ಇವತ್ತು ನನ್ನ ದಿನ ಅಲ್ವಾ?"

"ನಿಮ್ಮ ದಿನಗಳೆಲ್ಲ ಮುಗಿದ್ವು," ಅಂದೆ. ಪಡ್ಡಿಂಗಳ ಮೇಲೆ ಜೀನು ಎಸೆದು, ಪಟ್ಟಿ ಎಳೆದು, ಒಂದೇ ನೆಗೆತಕ್ಕೆ ಹತ್ತಿದೆ. "ನಾನು ಸವಾರಿ, ನೀವು ನಡೀರಿ. ಗುಡ್ಡದ ತುದಿಗೆ."

"ಟ್ಯಾಮ್ಸಿನ್, ಆ ಪಟ್ಟಿ..."

"ಪಟ್ಟೀನೂ ಇಲ್ಲ, ಗಿಟ್ಟೀನೂ ಇಲ್ಲ. ನಡೀರಿ ಅಂದೆ!"

ದಾರಿಯಲ್ಲಿ ಅವನು ಎರಡು ಸಲ ಬಾಯಿ ತೆಗೆದ, ಎರಡು ಸಲವೂ ಮುಚ್ಚಿಸಿದೆ. ಗೇಟಿಗೆ ಬಂದೆವು. ಪಡ್ಡಿಂಗ್ ಗಕ್ಕನೆ ನಿಂತಳು, ತಲೆ ಬಗ್ಗಿಸಿದಳು. ಪರ ಪರ ಹುಲ್ಲು ಕಿತ್ತಳು.

"ಇದೇನು?" ಅಂದೆ.

ಅವನ ಮುಖ ಒಲೆಯ ಮುಂದೆ ನಿಂತವನ ಹಾಗೆ ಕೆಂಪಾಯಿತು. ಓಡಿಬಂದು ಅವಳ ತಲೆ ಎತ್ತಿದ. "ಅಯ್ಯೋ ದೇವರೇ. ಇವಳು ತಿಂತಿದ್ಳಾ? ನಾನು ನೋಡಲೇ ಇಲ್ಲ."

"ಹೇಗೆ ನೋಡ್ತೀರಿ? ಕಣ್ಣು ಫೋನಿನಲ್ಲಿ! ಇವಳಿಗೆ ಮತ್ತೆ ಬಾವು ಬಂದರೆ ಇವಳು ನನ್ನ ಕೈ ಬಿಟ್ಟು ಹೋಗ್ತಾಳೆ, ಗೊತ್ತಾ ನಿಮಗೆ? ಯಾರವಳು? ಯಾರಿಗೆ ಅಷ್ಟು ಬರೀತಿದ್ರಿ?"

ಅವನು ಲಗಾಮು ಹಿಡಿದುಕೊಂಡೇ ನೆಲ ನೋಡಿದ. "ಈ ಕಡೆ ಸಿಗ್ನಲ್ ಸಿಗೋದು ಇದೊಂದೇ ಜಾಗದಲ್ಲಿ. ನಿಮಗೇ ಬರೀತಿದ್ದೆ."

"ಸುಳ್ಳು! ನನಗೆ ಬರೋದು ಎರಡು ಪದ. ಎರಡು ಪದ ಬರೆಯೋಕೆ ಅರ್ಧ ಬೇಲಿ ಖಾಲಿಯಾಗುವಷ್ಟು ಹೊತ್ತು ಬೇಕಾ?"

"ಮಿಕ್ಕಿದ್ದೆಲ್ಲ ಅಳಿಸಿಬಿಡ್ತಿದ್ದೆ."

ನನಗೆ ಸರಿಯಾಗಿ ಕೇಳಿಸಿತು. ಆದರೂ ಇನ್ನೊಂದು ಸಲ ಕೇಳಬೇಕೆನಿಸಿ, "ಏನಂದ್ರಿ?" ಅಂತ ಅವನ ಕಡೆಗೆ ಬಾಗಿದೆ. ಅಷ್ಟೇ. ಪಡ್ಡಿಂಗ್ ಯಾವಾಗಲೋ ಉಸಿರು ಬಿಟ್ಟಿದ್ದಳು. ನಾನು ಎರಡನೇ ಸಲ ಬಿಗಿದಿರಲಿಲ್ಲ. ಇಷ್ಟು ಜನರನ್ನು ಕೆಸರಿಗೆ ಬೀಳಿಸಿ ನಕ್ಕ ನಾನು, ಜೀನಿನ ಸಮೇತ ಸುಯ್ಯೆಂದು ಜಾರಿ ಎಮ್ರಿಸ್‌ನ ಎದೆಯ ಮೇಲೆ ಬಿದ್ದೆ. ಅವನು ಕೆಸರಿನ ಮೇಲೆ ಬಿದ್ದ.

"ಪಟ್ಟಿ ಸಡಿಲ ಅಂತ ಆಗಲೇ ಹೇಳೋಕೆ ಬಂದೆ," ಅಂದ ಉಸಿರು ಸಿಕ್ಕ ಮೇಲೆ. ಬಿದ್ದರೂ ಲಗಾಮು ಬಿಟ್ಟಿರಲಿಲ್ಲ. ಕೆಳಗೆ ಬೆವನ್‌ನ ಕುರಿಗಳು ಬ್ಯಾ ಎಂದವು. ನನಗೆ ನಗು ತಡೆಯಲಾಗಲಿಲ್ಲ.

"ಅಳಿಸಿದ್ದರಲ್ಲಿ ಏನಿತ್ತು? ಹೇಳಿ."

"ಬಾಯಲ್ಲಿ ಹೇಳೋಕೆ ಬರಲ್ಲ ನನಗೆ."

"ಹಾಗಾದ್ರೆ ಬರೀರಿ. ಈಗಲೇ. ಅಳಿಸಬೇಡಿ."

ಅವನು ಕೆಸರಿನ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಫೋನು ತೆಗೆದ. ನಾನು ಲಗಾಮು ಗಟ್ಟಿಯಾಗಿ ಹಿಡಿದು, ಪಡ್ಡಿಂಗಳ ತಲೆ ಎತ್ತಿ ನಿಂತೆ. ಅವನು ಬರೆಯುತ್ತ ಒಮ್ಮೆ ನನ್ನತ್ತ ನೋಡಿದ, ಕಣ್ಣು ನಕ್ಕಿತು, ಮತ್ತೆ ಬರೆದ. ನನ್ನ ಜೇಬಿನಲ್ಲಿ ಫೋನು ಗುಂಯ್ ಅಂದಿತು.

"ಪಡ್ಡಿಂಗ್ ಆರಾಮಾಗಿದ್ದಾಳೆ. ನಾನು ಆರಾಮಾಗಿಲ್ಲ. ನಿಮ್ಮನ್ನು ನೋಡದ ದಿನ ಹಿಟ್ಟು ಉಬ್ಬುವುದಿಲ್ಲ, ನೋಡಿದ ದಿನ ಬ್ರೆಡ್ಡು ಸುಟ್ಟುಹೋಗುತ್ತದೆ. ಊರವರು ಬೈಯುತ್ತಿದ್ದಾರೆ. ಏನು ಮಾಡಲಿ?"

ಎಷ್ಟು ಸಲ ಓದಿದೆನೋ! ಮುಖ ಎತ್ತಿದರೆ ಅವನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ನಿಂತಿದ್ದಾನೆ, ಕಿವಿಯ ಮೇಲೆ ಹಿಟ್ಟು, ಅದರ ಮೇಲೆ ಕೆಸರು. ನಾನು ಸಿಗ್ನಲ್ಲಿಗೆ ಕಾಯಲಿಲ್ಲ. ಎರಡು ಹೆಜ್ಜೆ ಹೋಗಿ ಮುತ್ತು ಕೊಟ್ಟೆ. ಬಾಯಿ ದಾಲ್ಚಿನ್ನಿಯ ರುಚಿಯಾಗಿತ್ತು.

"ನನ್ನ ದಿನಗಳು ಮುಗಿದ್ವು ಅಂದ್ರಲ್ಲ?" ಅಂದ ಸ್ವಲ್ಪ ಹೊತ್ತಿನ ಮೇಲೆ.

"ನಿನ್ನ ದಿನ, ನನ್ನ ದಿನ ಅನ್ನೋದು ಮುಗೀತು," ಅಂದೆ. "ಇನ್ಮೇಲೆ ಸಾಧ್ಯವಾದಾಗೆಲ್ಲ ಇಬ್ಬರೂ ಬರೋದು."

ಆಮೇಲಿನ ವಾರಗಳಲ್ಲಿ ಪಡ್ಡಿಂಗಳಿಗೆ ಬಿಡುವೇ ಇಲ್ಲ. ಒಬ್ಬರು ಸವಾರಿ, ಒಬ್ಬರು ಪಕ್ಕದಲ್ಲಿ ನಡಿಗೆ, ಅರ್ಧ ದಾರಿಯಲ್ಲಿ ಅದಲುಬದಲು. ಹುಲ್ಲಿಗೆ ಬಾಯಿ ಹಾಕದಂತೆ ಮೂತಿಗೆ ಕುಕ್ಕೆ ಕಟ್ಟಿದೆವು. ಎಮ್ರಿಸ್ ತಪ್ಪಿಗೆ ದಂಡವಾಗಿ ಮೊದಲ ವಾರವೆಲ್ಲ ನಡೆದೇ ಬಂದ. ವೈದ್ಯರು ಬಂದ ದಿನ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ, ಅವನ ಕೈ ನನ್ನ ಕೈಯಲ್ಲಿ ಬೆವರುತ್ತಿತ್ತು. ಅವರು ಗೊರಸು ತಟ್ಟಿದರು, ಕತ್ತು ಒತ್ತಿದರು, ಟೇಪು ಹಿಡಿದರು.

"ಇಳಿದಿದೆ. ಗೊರಸು ತಣ್ಣಗಿದೆ. ಹೀಗೇ ನಡೆಸಿಕೊಂಡು ಹೋಗಿ," ಅಂದರು.

ನಾನು ಪಡ್ಡಿಂಗಳ ಕುತ್ತಿಗೆ ತಬ್ಬಿಕೊಂಡು ಗೊಳೋ ಎಂದು ಅತ್ತೆ. ಈ ಸಲ ಖುಷಿಗೆ. ಡಿಲಿಸ್ ಗೋಡೆಯ ಫೋನಿನತ್ತ ನಡೆದರು.

"ಹ್ಯಾಂಪ್‌ಶೈರಿನವಳಿಗೆ ಇಲ್ಲ ಅಂತ ಹೇಳಿಬಿಡ್ತೀನಿ," ಅಂದರು. ಮತ್ತೆ ತಿರುಗಿ, "ಕುದುರೆಗೆ ಅಂತ ಹುಡುಕಿ ನಿನಗೇ ಇಟ್ಟುಕೊಂಡ್ಯಲ್ಲೇ, ಕಳ್ಳಿ!"

ಈಗಲೂ ಗುಡ್ಡದ ತುದಿಯ ಗೇಟಿಗೆ ಬಂದರೆ ಪಡ್ಡಿಂಗ್ ನಿಲ್ಲುತ್ತಾಳೆ. ಕುಕ್ಕೆಯೊಳಗಿಂದ ಹುಲ್ಲು ನೋಡಿ ನಿಟ್ಟುಸಿರು ಬಿಡುತ್ತಾಳೆ. ಆಮೇಲೆ ಕತ್ತು ತಿರುಗಿಸಿ, ಇನ್ನೂ ಎಷ್ಟು ಹೊತ್ತು ಅನ್ನುವಂತೆ ನಮ್ಮನ್ನು ನೋಡುತ್ತಾಳೆ. ಪಾಪ, ಆಗ ನಾವು ಅವಳ ಕಡೆ ನೋಡುವುದಿಲ್ಲ.